ಓದುಗರ ಪ್ರಶ್ನೆ: ರಷ್ಯಾದಲ್ಲಿ ಒಂದೇ ಹೆಸರಿನ ಊರುಗಳು

ಪ್ರಶ್ನೆ: ರಷ್ಯಾದ ಕೀರೋವ್ಸ್ಕ್‌ಗೆ ಪುಸ್ತಕದ ಪಾರ್ಸೆಲ್ ಕಳಿಸಬೇಕು. ನಕ್ಷೆಯಲ್ಲಿ ಆ ಹೆಸರಿನ ಎರಡು ಪಟ್ಟಣಗಳಿವೆ. ನನ್ನ ಬಳಿ ಇರುವ ವಿಳಾಸದಲ್ಲಿ ಬೀದಿ, ಮನೆ ಸಂಖ್ಯೆ, ಊರು ಇಷ್ಟೇ ಇದೆ. ಯಾವುದೆಂದು ತಿಳಿಯುವುದು ಹೇಗೆ?

ಉತ್ತರ: ಅಷ್ಟರಿಂದ ತಿಳಿಯದು. ವಿಳಾಸ ಕೊಟ್ಟವರನ್ನೇ ಪಿನ್ ಕೋಡ್ ಕೇಳಿ. ಅಲ್ಲಿನ ಪಿನ್ ಕೋಡ್ ಆರಂಕಿಯದು. ಅದು 184ರಿಂದ ಶುರುವಾದರೆ ಮುರ್ಮನ್ಸ್ಕ್ ಒಬ್ಲಾಸ್ಟ್‌ನ (ಪ್ರಾಂತ್ಯದ) ಕೀರೋವ್ಸ್ಕ್, ಅಂದರೆ ಧ್ರುವವೃತ್ತದಿಂದ ಆಚೆ, ಖಿಬಿನಿ ಬೆಟ್ಟಗಳ ನಡುವಿನ ಅಪಟೈಟ್ ಎಂಬ ಖನಿಜದ ಗಣಿಯೂರು. 187 ಇದ್ದರೆ ಲೆನಿನ್‌ಗ್ರಾಡ್ ಒಬ್ಲಾಸ್ಟ್‌ನದು, ನೆವಾ ನದಿಯ ದಡದಲ್ಲಿದೆ. ಎರಡರ ನಡುವೆ ರಸ್ತೆಯಲ್ಲಿ ಸಾವಿರ ಕಿ.ಮೀ.ಗೂ ಹೆಚ್ಚು ದೂರ. ಬೀದಿಯ ಹೆಸರನ್ನು ನಂಬಿ ತೀರ್ಮಾನಿಸಬೇಡಿ. ಲೆನಿನ್ ಬೀದಿ ಇಲ್ಲದ ಪಟ್ಟಣ ಅಲ್ಲಿ ಸಿಗುವುದೇ ಕಷ್ಟ.

ಬರೆಯುವ ಕ್ರಮ ಹೀಗೆ: ಹೆಸರು, ಬೀದಿ, ಮನೆ, ಫ್ಲಾಟ್, ಊರು, ರಯೋನ್, ಒಬ್ಲಾಸ್ಟ್, ದೇಶ, ಕೊನೆಗೆ ಪಿನ್ ಕೋಡ್. ರಯೋನ್ ಅಂದರೆ ನಮ್ಮ ತಾಲ್ಲೂಕಿನಂಥದ್ದು ಎಂದುಕೊಳ್ಳಿ. ನೆವಾ ದಡದ ಪಟ್ಟಣ ಕೀರೋವ್ಸ್ಕಿ ರಯೋನ್‌ನ ಕೇಂದ್ರ. ಗಣಿಯೂರು ಯಾವ ರಯೋನ್‌ಗೂ ಸೇರಿಲ್ಲ, ನೇರವಾಗಿ ಒಬ್ಲಾಸ್ಟ್‌ನ ಅಧೀನದಲ್ಲಿದೆ. ಅದಕ್ಕೆ ಆ ಸಾಲನ್ನು ಬಿಟ್ಟುಬಿಡಿ. ಹಾಗೆಂದು ರಯೋನ್ ಒಂದನ್ನೇ ಬರೆದರೂ ಸಾಲದು. ಕೀರೋವ್ಸ್ಕಿ ರಯೋನ್ ಕಲುಗಾ ಒಬ್ಲಾಸ್ಟ್‌ನಲ್ಲೂ ಇದೆ, ಪ್ರಿಮೋರ್ಸ್ಕಿ ಕ್ರಾಯ್ ಎಂಬ ಪ್ರಾಂತ್ಯದಲ್ಲೂ ಇದೆ, ಸೇಂಟ್ ಪೀಟರ್ಸ್‌ಬರ್ಗ್ ನಗರದೊಳಗೂ ಒಂದಿದೆ.

ಪ್ರಶ್ನೆ: ಒಂದು ಸರಕುಪಟ್ಟಿಯಲ್ಲಿ ಪ್ರದೇಶದ ಕೋಡ್ 47 ಎಂದಿದೆ. ಒಂದು ಪಟ್ಟಿ ಇದು ಮುರ್ಮನ್ಸ್ಕ್ ಎನ್ನುತ್ತದೆ, ಇನ್ನೊಂದು ಲೆನಿನ್‌ಗ್ರಾಡ್ ಎನ್ನುತ್ತದೆ. ಯಾವುದು ಸರಿ?

ಉತ್ತರ: ಎರಡೂ ಸರಿ, ಗೋಜಲು ಹುಟ್ಟುವುದೂ ಅಲ್ಲೇ. ವಾಹನದ ನಂಬರ್ ಪ್ಲೇಟಿನಲ್ಲಿ ಕಾಣುವ ಕೋಡ್ ಪ್ರಕಾರ 47 ಲೆನಿನ್‌ಗ್ರಾಡ್ ಒಬ್ಲಾಸ್ಟ್, 51 ಮುರ್ಮನ್ಸ್ಕ್. ಆದರೆ ಆಡಳಿತ ಘಟಕಗಳಿಗೆ ಕೊಡುವ ಓಕೆಟಿಎಂಒ ಎಂಬ ಸಂಖ್ಯೆಯಲ್ಲಿ ಮೊದಲೆರಡು ಅಂಕಿ 47 ಆಗಿದ್ದರೆ ಮುರ್ಮನ್ಸ್ಕ್, 41 ಆಗಿದ್ದರೆ ಲೆನಿನ್‌ಗ್ರಾಡ್. ಎರಡೂ ಕಡೆ ಕೀರೋವ್ಸ್ಕ್ ಇರುವುದರಿಂದ ತಪ್ಪು ಆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಕಿಗಳನ್ನು ಎಣಿಸಿ ನೋಡಿ: ಎಂಟಿದ್ದರೆ ಅದು ಓಕೆಟಿಎಂಒದ ಸ್ಥಳೀಯ ಸಂಸ್ಥೆಯ ಸಂಖ್ಯೆ, ಹನ್ನೊಂದಿದ್ದರೆ ಅದರೊಳಗಿನ ನಿರ್ದಿಷ್ಟ ಊರಿನದು. ಬರೀ ಎರಡಂಕಿ ಇದ್ದರೆ ಯಾವ ಪಟ್ಟಿಯಿಂದ ತೆಗೆದದ್ದೆಂದು ಕೇಳದೆ ಮುಂದೆ ಹೋಗಬೇಡಿ.

ಪ್ರಶ್ನೆ: ಒಂದೇ ರಯೋನ್‌ನಲ್ಲಿ ಒಂದೇ ಹೆಸರಿನ ಎರಡು ಹಳ್ಳಿಗಳು ಇರಬಹುದೇ?

ಉತ್ತರ: ಧಾರಾಳವಾಗಿ ಇವೆ. ಚಿಕ್ಕಚಿಕ್ಕ ಹಳ್ಳಿಗಳು ದಟ್ಟವಾಗಿರುವ ವೊಲೊಗ್ದಾ ಕಡೆ ಇದು ಮಾಮೂಲು. ಆಗ ಮೊದಲು ಊರಿನ ಬಗೆ ನೋಡಿ: ಸೆಲೊ, ದೆರೆವ್ನ್ಯಾ, ಪೊಸ್ಯೋಲಕ್, ಖೂತರ್. ಹೆಸರಿನ ಹಿಂದಿರುವ ಈ ಪದವನ್ನು ಅಲಂಕಾರವೆಂದು ಹಾರಿಸಿಬಿಡುವವರೇ ಹೆಚ್ಚು. ಬಗೆಯೂ ಒಂದೇ ಆಗಿದ್ದರೆ, ಹಲವು ಹಳ್ಳಿಗಳನ್ನು ಒಟ್ಟುಗೂಡಿಸಿದ ಗ್ರಾಮ ಘಟಕದ ಹೆಸರು ಬೇಕು. ಕೆಲವು ಪ್ರದೇಶಗಳಲ್ಲಿ ಇದಕ್ಕೆ ಸೆಲ್ಸೊವ್ಯೆತ್ ಎನ್ನುತ್ತಾರೆ. ಇಲ್ಲೊಂದು ತೊಡಕಿದೆ. 2019ರಲ್ಲಿ ಮುನಿಸಿಪಲ್ ಒಕ್ರುಗ್ ಎಂಬ ಹೊಸ ಬಗೆಯ ಸ್ಥಳೀಯ ಸಂಸ್ಥೆ ಬಂದಮೇಲೆ ಎಷ್ಟೋ ಕಡೆ ಈ ಗ್ರಾಮ ಘಟಕಗಳನ್ನು ರದ್ದುಮಾಡಿ ಇಡೀ ರಯೋನ್ ಅನ್ನು ಒಂದೇ ಒಕ್ರುಗ್ ಮಾಡಿದ್ದಾರೆ. ಹಾಗಾಗಿ ಹಳೆಯ ಪಟ್ಟಿಯ ಘಟಕ ಹೊಸ ಪಟ್ಟಿಯಲ್ಲಿ ಸಿಗದಿದ್ದರೆ ಹಳ್ಳಿಯೇ ಇಲ್ಲವಾಯಿತೆಂದು ಭಾವಿಸಬೇಡಿ. ಅಕ್ಷಾಂಶ, ರೇಖಾಂಶವನ್ನು ಪಕ್ಕದಲ್ಲಿ ಬರೆದಿಟ್ಟುಕೊಂಡರೆ ಇಂಥ ಬದಲಾವಣೆ ಏನೂ ಮಾಡದು.

ಪ್ರಶ್ನೆ: 1940ರ ಕಾಗದವೊಂದರಲ್ಲಿ ‘ಕೀರೋವ್, ಸ್ಮೊಲೆನ್ಸ್ಕ್ ಒಬ್ಲಾಸ್ಟ್’ ಎಂದಿದೆ. ಈಗಿನ ಸ್ಮೊಲೆನ್ಸ್ಕ್ ಪಟ್ಟಿಯಲ್ಲಿ ಆ ಪಟ್ಟಣವೇ ಇಲ್ಲ!

ಉತ್ತರ: ಕಾಗದ ಸರಿಯಾಗಿಯೇ ಇದೆ. ಅದು ಈಗಿನ ಕಲುಗಾ ಒಬ್ಲಾಸ್ಟ್‌ನ ಕೀರೋವ್. ಕಲುಗಾ ಒಬ್ಲಾಸ್ಟ್ ರಚನೆಯಾದದ್ದೇ 1944ರಲ್ಲಿ. ಅದಕ್ಕೆ ಮುಂಚೆ ಈ ಊರು ಸ್ಮೊಲೆನ್ಸ್ಕ್‌ಗೆ ಸೇರಿತ್ತು. ಇದನ್ನು ಒಬ್ಲಾಸ್ಟ್ ರಾಜಧಾನಿಯಾದ ದೊಡ್ಡ ಕೀರೋವ್ ಜೊತೆ ಬೆರೆಸಬೇಡಿ. ಅದರ ಹಳೆಯ ಹೆಸರು ವ್ಯಾತ್ಕಾ.

ಇಷ್ಟೊಂದು ಕೀರೋವ್‌ಗಳಿಗೆ ಕಾರಣ ಒಂದೇ: 1934ರ ಡಿಸೆಂಬರ್ 1ರಂದು ಲೆನಿನ್‌ಗ್ರಾಡ್‌ನಲ್ಲಿ ಕಮ್ಯುನಿಸ್ಟ್ ಪಕ್ಷದ ನಾಯಕ ಸೆರ್ಗೆಯ್ ಕೀರೋವ್ ಕೊಲೆಯಾದ ಮೇಲೆ ಊರುಗಳಿಗೆ ಅವನ ಹೆಸರಿಡುವ ಭರಾಟೆ. ಅದೇ ತಿಂಗಳು ವ್ಯಾತ್ಕಾ ಕೀರೋವ್ ಆಯಿತು, ಗಣಿಯೂರು ಖಿಬಿನೊಗೋರ್ಸ್ಕ್ ಕೀರೋವ್ಸ್ಕ್ ಆಯಿತು. ಕಲುಗಾದ್ದು 1936ರಲ್ಲಿ, ಅದಕ್ಕೆ ಮೊದಲು ಪೆಸೊಚ್ನ್ಯಾ. ಹಳೆಯ ದಾಖಲೆ ಕೈಗೆ ಬಂದಾಗ ಮೊದಲು ಅದರ ಇಸವಿ ನೋಡಿ, ಆಮೇಲೆ ಆ ಇಸವಿಯ ಗಡಿಗಳಲ್ಲಿ ಹುಡುಕಿ. ಇಂದಿನ ನಕ್ಷೆಯಿಂದ ಹಿಂದಕ್ಕೆ ಹೋದರೆ ದಾರಿ ತಪ್ಪುತ್ತದೆ.

ಪ್ರಶ್ನೆ: ಮಾಸ್ಕೊದಿಂದ ರೊಸ್ತೋವ್‌ಗೆ ರೈಲು ಟಿಕೆಟ್ ಮಾಡುವಾಗ ಏನು ನೋಡಬೇಕು?

ಉತ್ತರ: ನಿಲ್ದಾಣದ ಪೂರ್ತಿ ಹೆಸರು. ರೊಸ್ತೋವ್-ಯಾರೊಸ್ಲಾವ್ಸ್ಕಿ ಅಂದರೆ ಹಳೆಯ ಕ್ರೆಮ್ಲಿನ್ (ಕೋಟೆ) ಇರುವ ಪುಟ್ಟ ಪಟ್ಟಣ, ಯಾರೊಸ್ಲಾವ್ಲ್ ಒಬ್ಲಾಸ್ಟ್‌ನದು, ಮಾಸ್ಕೊದಿಂದ ಸುಮಾರು 200 ಕಿ.ಮೀ. ಈಶಾನ್ಯಕ್ಕೆ. ರೊಸ್ತೋವ್-ಗ್ಲಾವ್ನಿ ಅಂದರೆ ಡಾನ್ ನದಿಯ ಮೇಲಿನ ಮಹಾನಗರ, ದಕ್ಷಿಣಕ್ಕೆ ಸುಮಾರು 1,000 ಕಿ.ಮೀ. ಇನ್ನು, ರೊಸ್ತೋವ್ ಒಬ್ಲಾಸ್ಟ್ ಇರುವುದು ಡಾನ್ ಕಡೆ; ರೊಸ್ತೋವ್ಸ್ಕಿ ರಯೋನ್ ಇರುವುದು ಯಾರೊಸ್ಲಾವ್ಲ್ ಕಡೆ.