ಗಣಿಯ ಬುಕ್ಕಿನಲ್ಲಿ ‘ಎಲ್ಲ ಸರಿ ಇದೆ’ ಅಂತ ಬರೆದರೆ ಸಾಕಾ?

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಆದರೂ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ರೈಲಿನಲ್ಲಿ ಬರುವ ಕಲ್ಲಿದ್ದಲನ್ನು ತೆಲಂಗಾಣ, ಮಹಾರಾಷ್ಟ್ರ, ಒಡಿಶಾದಲ್ಲಿ ಯಾರೋ ಅಗೆದಿರುತ್ತಾರೆ, ಅಲ್ವಾ? ಅಲ್ಲಿ ನಮ್ಮ ಕಡೆಯ ಹುಡುಗರೂ ಇದ್ದಾರೆ. ಈ ಸಲ ಬಂದ ಪತ್ರಗಳಲ್ಲಿ ಐದನ್ನು ಆರಿಸಿದ್ದೇನೆ. ಎಲ್ಲವೂ ಒಂದೇ ವಿಷಯದ ಸುತ್ತ ಇವೆ: ಓಪನ್‌ಕಾಸ್ಟ್, ಅಂದರೆ ಮೇಲಿನಿಂದ ತೆರೆದು ಅಗೆಯುವ ಗಣಿಯಲ್ಲಿ ದಿನಾ ನಡೆಯುವ ತಪಾಸಣೆ, ಮತ್ತು ಅದನ್ನು ಬರೆದಿಡುವ ಪುಸ್ತಕ.

ಪ್ರಶ್ನೆ: ನಾನು ಸಿಂಧನೂರಿನ ಕಡೆಯವನು. ಒಂದು ಓಪನ್‌ಕಾಸ್ಟ್ ಗಣಿಯಲ್ಲಿ ಮೈನಿಂಗ್ ಸರ್ದಾರ್ (ಪಾಳಿಯಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡುವವನು) ಆಗಿ ಸೇರಿ ನಾಲ್ಕು ತಿಂಗಳಾಯಿತು. ಶಿಫ್ಟ್ ಮುಗಿದ ಮೇಲೆ ರಿಪೋರ್ಟ್ ಬುಕ್ ಬರೆಯಬೇಕು. ಜೊತೆಗಿರುವ ಹಿರಿಯರು ‘ನಿನ್ನೆಯದನ್ನೇ ನೋಡಿಕೊಂಡು ಬರಿ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ’ ಅನ್ನುತ್ತಾರೆ. ನಿಜವಾಗಿ ಏನು ಬರೆಯಬೇಕು ಸರ್?

ನೀವು ಕೇಳಿದ್ದೇ ಒಳ್ಳೆಯದಾಯಿತು. ಮೊದಲು ನನ್ನ ಒಂದು ತಪ್ಪು ಹೇಳಿಬಿಡುತ್ತೇನೆ. ಆಗ ನಾನು ಓವರ್‌ಮನ್ (ಸರ್ದಾರರ ಮೇಲಿನ ಮೇಲ್ವಿಚಾರಕ) ಆಗಿ ಎರಡನೇ ವರ್ಷ. ಜುಲೈ ತಿಂಗಳು, ರಾತ್ರಿ ಪಾಳಿ, ಮಳೆ ಹಿಡಿದುಕೊಂಡಿತ್ತು. ಬೆಳಗಿನ ಜಾವ ಡಂಪಿನ, ಅಂದರೆ ಅಗೆದು ಸುರಿದ ಮಣ್ಣಿನ ಗುಡ್ಡದ ಮೇಲೆ ಟಾರ್ಚ್ ಹಿಡಿದು ನಡೆಯುವಾಗ ಅಂಚಿನಿಂದ ಸ್ವಲ್ಪ ಒಳಗೆ ಬೆರಳು ಹಿಡಿಸುವಷ್ಟು ಅಗಲದ ಬಿರುಕು ಕಂಡಿತು. ನೋಡಿದೆ, ಮನಸ್ಸಿನಲ್ಲಿ ಇಟ್ಟುಕೊಂಡೆ. ಮುಂದಿನ ಪಾಳಿಯವರು ಬಂದಾಗ ಹೇಳೋಣ ಅಂದುಕೊಂಡೆ. ಅವರು ಬರುವುದು ತಡವಾಯಿತು, ಕಾಲೋನಿಗೆ ಹೋಗುವ ಬಸ್ಸು ಹೊರಟು ನಿಂತಿತ್ತು, ನಾನು ಗಡಿಬಿಡಿಯಲ್ಲಿ ಹಿಂದಿನ ಪುಟದಂತೆಯೇ ‘ಡಂಪ್ ಸರಿ ಇದೆ’ ಅಂತ ಗೀಚಿ, ಸಹಿ ಹಾಕಿ ಬಸ್ಸು ಹತ್ತಿದೆ. ಹತ್ತು ಗಂಟೆ ಹೊತ್ತಿಗೆ ಆ ಅಂಚಿಗೆ ಹೋದ ಡೋಜರ್ ಮಣ್ಣಿನ ಸಮೇತ ಕೆಳಗೆ ಜಾರಿತು. ಆಪರೇಟರ್ ಬದುಕಿದರು. ಕಾಲು ಮುರಿದಿತ್ತು. ಆಸ್ಪತ್ರೆಯಲ್ಲಿ ಅವರ ಮಂಚದ ಪಕ್ಕ ನಿಂತಾಗ ನನಗೆ ಮಾತೇ ಹೊರಡಲಿಲ್ಲ.

ಹಾಗಾಗಿ ನನ್ನ ಉತ್ತರ ಒಂದೇ. ಆ ಬುಕ್ ಮ್ಯಾನೇಜರಿಗಾಗಿ ಅಲ್ಲ, ಧನಬಾದಿನ ಡಿಜಿಎಂಎಸ್‌ನಿಂದ, ಅಂದರೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದಿಂದ ಬರುವ ಇನ್‌ಸ್ಪೆಕ್ಟರಿಗಾಗಿಯೂ ಅಲ್ಲ. ನಿಮ್ಮ ನಂತರ ಅದೇ ಜಾಗಕ್ಕೆ ಇಳಿಯುವವನಿಗಾಗಿ. ಅವನಿಗೆ ನೀವು ಬರೆಯುವ ಪತ್ರ ಅದು. ಪತ್ರದಲ್ಲಿ ‘ಎಲ್ಲ ಸರಿ’ ಅಂತ ಮಾತ್ರ ಇದ್ದರೆ ಅವನಿಗೆ ಏನು ತಿಳಿಯುತ್ತದೆ? ನೀವು ಎಲ್ಲಿ ಹೋಗಿದ್ದಿರಿ, ಎಲ್ಲಿ ಹೋಗಲಿಲ್ಲ ಅನ್ನುವುದೂ ತಿಳಿಯುವುದಿಲ್ಲ.

ಹೀಗೆ ಬರೆಯಿರಿ (ಬೆಂಚ್ ಅಂದರೆ ಗಣಿಯಲ್ಲಿ ಮೆಟ್ಟಿಲಿನಂತೆ ಕಡಿದ ಹಂತ, ಶಾವೆಲ್ ಅಂದರೆ ಅಗೆಯುವ ಯಂತ್ರ): ‘ಮೂರನೇ ಬೆಂಚ್, ಪಂಪಿನಿಂದ ಪೂರ್ವಕ್ಕೆ ಸುಮಾರು 40 ಮೀಟರ್, ಮೇಲಿನ ಅಂಚಿನಲ್ಲಿ ತೂಗಾಡುವ ಕಲ್ಲು. ಬೆಳಿಗ್ಗೆ 6.40ಕ್ಕೆ ಕಂಡಿದ್ದು. ಕೆಳಗೆ ಹಗ್ಗ ಕಟ್ಟಿ ಜನರನ್ನು ತೆಗೆಸಿದೆ. ಶಾವೆಲ್‌ನಿಂದ ಕೆಡವಿಸಿದ್ದು 7.30ಕ್ಕೆ.’ ಜಾಗ, ಹೊತ್ತು, ಕಂಡದ್ದು, ಮಾಡಿದ್ದು. ಮಾಡಲಾಗದೆ ಉಳಿದದ್ದು ಇದ್ದರೆ ಅದನ್ನು ಬೇರೆ ಸಾಲಿನಲ್ಲಿ ಎದ್ದು ಕಾಣುವಂತೆ ಬರೆಯಿರಿ, ಯಾಕೆಂದರೆ ಮುಂದಿನವನು ಮೊದಲು ನೋಡಬೇಕಾದದ್ದು ಅದನ್ನೇ. ಬಿರುಕು ಕಂಡರೆ ಅದರ ಎರಡೂ ಕಡೆ ಗೂಟ ಹೊಡೆದು, ನಡುವಿನ ಅಂತರವನ್ನು ಟೇಪಿನಲ್ಲಿ ಅಳೆದು ಮಿಲಿಮೀಟರಿನಲ್ಲಿ ಬರೆಯಿರಿ. ‘ಸಣ್ಣ ಬಿರುಕು’ ಅಂದರೆ ಯಾರಿಗೂ ಏನೂ ಗೊತ್ತಾಗದು. ನಿನ್ನೆ 212, ಇವತ್ತು 219 ಅಂತ ಇದ್ದರೆ ಮಣ್ಣು ಹೊರಟಿದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಮತ್ತೆ, ಸುತ್ತು ಹಾಕುವಾಗಲೇ ಜೇಬಿನ ಸಣ್ಣ ಡೈರಿಯಲ್ಲಿ ಗುರುತು ಹಾಕಿಕೊಳ್ಳಿ. ಎಂಟು ಗಂಟೆ ದುಡಿದ ತಲೆಯನ್ನು ನಂಬಬೇಡಿ.

ಏನು ನೋಡಬೇಕು ಅನ್ನುವುದು ಕಲ್ಲಿದ್ದಲು ಗಣಿ ನಿಯಮಾವಳಿ 2017ರಲ್ಲಿ ಮತ್ತು ನಿಮ್ಮ ಗಣಿಗೆ ಕೊಟ್ಟ ಅನುಮತಿ ಪತ್ರದಲ್ಲಿ ಇದೆ. ಆ ಅನುಮತಿ ಪತ್ರದ ಒಂದು ಪ್ರತಿ ಕೇಳಿ ಓದಿ, ತುಂಬ ಜನ ಓದುವುದೇ ಇಲ್ಲ. ಬೆಂಚಿನ ಎತ್ತರ ಯಂತ್ರದ ಕೈಗೆ ಎಟಕುವಷ್ಟೇ ಇದೆಯಾ, ಡಂಪರ್ ಓಡುವ ಬೆಂಚಿನ ಅಗಲ ಡಂಪರಿನ ಅಗಲಕ್ಕಿಂತ ಮೂರು ಪಟ್ಟಾದರೂ ಇದೆಯಾ, ಮಣ್ಣಿನ ಡಂಪ್ 30 ಮೀಟರಿಗಿಂತ ಎತ್ತರ ಹೋದಾಗ ಮೆಟ್ಟಿಲು ಬಿಟ್ಟಿದ್ದಾರಾ, ಅದರ ಇಳಿಜಾರು 37.5 ಡಿಗ್ರಿ ಮೀರಿದೆಯಾ. ಇವೆಲ್ಲ ಕಣ್ಣಳತೆಯಲ್ಲೇ ಹಿಡಿಯಬಹುದಾದವು, ಅನುಮಾನ ಬಂದರೆ ಸರ್ವೆಯವರನ್ನು ಕರೆಸಿ ಅಳೆಸಿ.

ಹಿರಿಯರ ಜೊತೆ ಜಗಳ ಬೇಡ. ಅವರು ಬರೆದದ್ದು ಅವರಿಗೆ. ನಿಮ್ಮ ಸಹಿಯ ಮೇಲಿನ ಸಾಲು ಮಾತ್ರ ನಿಮ್ಮದಾಗಿರಲಿ.

ಪ್ರಶ್ನೆ: ನಮ್ಮ ಯಜಮಾನರು ಚಂದ್ರಾಪುರ ಜಿಲ್ಲೆಯ ಒಂದು ಗಣಿಯಲ್ಲಿ ಡಂಪರ್ ಓಡಿಸುತ್ತಾರೆ. ಬ್ರೇಕ್ ಸರಿ ಇಲ್ಲದಿದ್ದರೂ ಒಮ್ಮೊಮ್ಮೆ ಓಡಿಸಬೇಕಾಗುತ್ತದೆ ಅನ್ನುತ್ತಾರೆ. ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಶಿಫ್ಟಿಗೆ ಮುಂಚೆ ಏನೇನು ನೋಡಬೇಕು ಅಂತ ತಿಳಿಸಿದರೆ ಅವರಿಗೆ ಓದಿ ಹೇಳುತ್ತೇನೆ.

ತಂಗಿ, ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ನಮ್ಮ ದೇಶದ ತೆರೆದ ಕಲ್ಲಿದ್ದಲು ಗಣಿಗಳಲ್ಲಿ ಜೀವ ತೆಗೆಯುವುದರಲ್ಲಿ ಡಂಪರ್, ಟಿಪ್ಪರ್‌ಗಳದ್ದು ದೊಡ್ಡ ಪಾಲು. ಸ್ಫೋಟಕ್ಕೆ ಎಲ್ಲರೂ ಹೆದರುತ್ತಾರೆ, ಸೈರನ್ ಆದರೆ ಓಡುತ್ತಾರೆ. ದಿನಾ ಕಣ್ಣೆದುರು ಓಡಾಡುವ ಗಾಡಿಗೆ ಯಾರೂ ಹೆದರುವುದಿಲ್ಲ.

ಅವರಿಗೆ ಹೇಳಿ: ಮೇಲೆ ಹತ್ತುವ ಮುಂಚೆ ಗಾಡಿಯ ಸುತ್ತ ಒಂದು ಸುತ್ತು ಕಾಲ್ನಡಿಗೆಯಲ್ಲಿ ಬರಲಿ. ಟೈರಿನಲ್ಲಿ ಸೀಳು ಇದೆಯಾ, ಎರಡು ಟೈರಿನ ನಡುವೆ ಕಲ್ಲು ಸಿಕ್ಕಿಕೊಂಡಿದೆಯಾ, ಕೆಳಗೆ ಎಣ್ಣೆ ಸೋರಿದೆಯಾ, ಗಾಡಿಯ ಹಿಂದೆ ಮುಂದೆ ಯಾರಾದರೂ ನೆರಳಿಗೆ ಕೂತಿದ್ದಾರಾ. ಕೊನೆಯದನ್ನು ಸಣ್ಣದು ಅಂದುಕೊಳ್ಳಬೇಡಿ. 100 ಟನ್ನಿನ ಡಂಪರಿನ ಕ್ಯಾಬಿನ್ನಿನಲ್ಲಿ ಕೂತವರಿಗೆ ಮೂತಿಯ ಹತ್ತಿರ ನಿಂತ ಆಳು ಕಾಣುವುದೇ ಇಲ್ಲ, ಜೀಪೂ ಕಾಣದೇ ಇರಬಹುದು. ಗಣಿಯ ಜೀಪುಗಳಿಗೆ ಉದ್ದನೆಯ ಕೋಲಿಗೆ ಬಾವುಟ ಕಟ್ಟುವುದು ಅದಕ್ಕೇ. ಆಮೇಲೆ ಕ್ಯಾಬಿನ್ನಿನಲ್ಲಿ ಕಾಲಿನ ಬ್ರೇಕ್, ಪಾರ್ಕಿಂಗ್ ಬ್ರೇಕ್, ಸ್ಟೀರಿಂಗ್, ಹಾರ್ನ್, ಲೈಟು, ಹಿಂದೆ ಹೋಗುವಾಗ ಕೂಗುವ ಅಲಾರಂ, ಬೆಂಕಿ ನಂದಿಸುವ ಸಿಲಿಂಡರ್, ಸೀಟ್ ಬೆಲ್ಟ್. ಬ್ರೇಕನ್ನು ಸಮತಟ್ಟು ಜಾಗದಲ್ಲಿ, ನಿಧಾನ ವೇಗದಲ್ಲಿ, ಖಾಲಿ ಗಾಡಿಯಲ್ಲಿ ಒತ್ತಿ ನೋಡಬೇಕು. ತುಂಬಿದ ಗಾಡಿಯನ್ನು ಇಳಿಜಾರಿಗೆ ತಿರುಗಿಸಿದ ಮೇಲೆ ಪರೀಕ್ಷೆ ಮಾಡುವುದಲ್ಲ.

ಬ್ರೇಕ್ ಹಿಡಿಯದಿದ್ದರೆ ಲಾಗ್ ಬುಕ್ಕಿನಲ್ಲಿ ‘ಬ್ರೇಕ್ ಕೆಲಸ ಮಾಡುತ್ತಿಲ್ಲ, ಗಾಡಿ ನಿಲ್ಲಿಸಿದ್ದೇನೆ’ ಅಂತ ಹೊತ್ತು ಹಾಕಿ ಬರೆದು, ಫೋರ್‌ಮನ್ ಕೈಯಲ್ಲಿ ಸಹಿ ಹಾಕಿಸಿಕೊಳ್ಳಲಿ. ಬಾಯಿಮಾತಿನಲ್ಲಿ ಹೇಳಿದರೆ ‘ಈ ಒಂದು ಟ್ರಿಪ್ ಹೊಡಿ’ ಅನ್ನುವುದು ಸುಲಭ. ಬರೆದ ಮೇಲೆ ಹಾಗೆ ಅನ್ನುವವನು ನೂರು ಸಲ ಯೋಚನೆ ಮಾಡುತ್ತಾನೆ.

ರಸ್ತೆಯನ್ನೂ ನೋಡಲಿ. ಸುತ್ತಲಿನ ನೆಲಕ್ಕಿಂತ ಎತ್ತರದಲ್ಲಿರುವ ಹಾಲ್ ರೋಡಿನ, ಅಂದರೆ ಡಂಪರ್ ಓಡುವ ಗಣಿ ರಸ್ತೆಯ ಅಂಚಿಗೆ ಮಣ್ಣಿನ ಗಟ್ಟಿ ಕಟ್ಟೆ ಇರಬೇಕು. ಅದು ಅಲ್ಲಿ ಓಡುವ ಅತಿ ದೊಡ್ಡ ಗಾಡಿಯ ಟೈರಿನಷ್ಟಾದರೂ ಎತ್ತರ ಇರಬೇಕು. ಮಳೆಗೆ ಕಟ್ಟೆ ಕುಸಿದು ಮೊಣಕಾಲೆತ್ತರ ಉಳಿದಿರುತ್ತದೆ, ದಿನಾ ನೋಡುವ ಕಣ್ಣಿಗೆ ಅದು ರೂಢಿಯಾಗಿರುತ್ತದೆ. ಧೂಳಿಗೆ ಹೊಡೆಯುವ ನೀರೂ ಜಾಸ್ತಿಯಾದರೆ ರಸ್ತೆ ಜಾರುಬಂಡೆಯಾಗುತ್ತದೆ. ಇವನ್ನು ಓವರ್‌ಮನ್‌ಗಿಂತ ಮೊದಲು ಕಾಣುವವರು ಡ್ರೈವರ್‌ಗಳೇ.

ಪ್ರಶ್ನೆ: ನಾನು ಸುರತ್ಕಲ್‌ನಲ್ಲಿ ಗಣಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಎಲ್ಲರ ಕೈಯಲ್ಲೂ ಫೋನ್ ಇರುವ ಕಾಲದಲ್ಲಿ ಇನ್ನೂ ಹೊಲಿದ ಪುಸ್ತಕದಲ್ಲಿ ಪೆನ್ನಿನಲ್ಲಿ ಬರೆಯುವುದು ಯಾಕೆ? ಬೇರೆ ದೇಶಗಳಲ್ಲೂ ಹೀಗೇನಾ?

ಪುಟಸಂಖ್ಯೆ ಇರುವ, ಹೊಲಿದ ಪುಸ್ತಕ ಯಾಕೆ ಅಂದರೆ ಒಂದು ಹಾಳೆ ಹರಿದರೆ ಗೊತ್ತಾಗಬೇಕು. ಅಷ್ಟೇ. ಅಪಘಾತ ಆದ ರಾತ್ರಿ ಹಳೆಯ ಪುಟ ತೆಗೆದು ಹೊಸ ಪುಟ ಸೇರಿಸುವ ಆಸೆ ಮನುಷ್ಯರಿಗೆ ಹುಟ್ಟುತ್ತದೆ, ಅದನ್ನು ತಡೆಯಲು ದಾರ ಮತ್ತು ಅಂಕೆ ಸಾಕು.

ಅಮೆರಿಕದ ನಿಯಮವನ್ನು ಓದಿ, ನಿಮಗೆ ಇಷ್ಟವಾಗುತ್ತದೆ. ಅಲ್ಲಿ ತೆರೆದ ಕಲ್ಲಿದ್ದಲು ಗಣಿಯ ಪ್ರತಿ ಕೆಲಸದ ಜಾಗವನ್ನು ಪ್ರತಿ ಪಾಳಿಯಲ್ಲಿ ಕನಿಷ್ಠ ಒಂದು ಸಲ, ಪ್ರಮಾಣಪತ್ರ ಇರುವವರೇ ನೋಡಬೇಕು. ಕಂಡದ್ದನ್ನು ಶಾಯಿಯಲ್ಲಿ, ಇಲ್ಲವೇ ಅಳಿಸಲಾಗದ ಪೆನ್ಸಿಲ್ಲಿನಲ್ಲಿ ಬರೆಯಬೇಕು ಅಂತ ನಿಯಮದಲ್ಲೇ ಇದೆ. ತಕ್ಷಣದ ಅಪಾಯ ಕಂಡರೆ ಆ ಜಾಗದಿಂದ ಜನರನ್ನು ಹೊರಗೆ ಕರೆಸಬೇಕು. ನಮ್ಮಲ್ಲೂ ಮೂಲ ವಿಚಾರ ಇದೇ.

ಫೋನ್ ಬೇಡ ಅಂತ ನಾನು ಹೇಳುವುದಿಲ್ಲ. ಬಿರುಕಿನ ಫೋಟೋ ನೂರು ಮಾತಿಗೆ ಸಮ, ತೆಗೆಯಲಿ, ಹಾಕಲಿ. ನನಗೆ ಹೆದರಿಕೆ ಇರುವುದು ಒಂದಕ್ಕೆ. ಆ್ಯಪಿನಲ್ಲಿ ನಲವತ್ತು ಪ್ರಶ್ನೆ, ನಲವತ್ತಕ್ಕೂ ಹಸಿರು ಟಿಕ್. ಕ್ಯಾಂಟೀನಿನಲ್ಲಿ ಕೂತು ಎರಡು ನಿಮಿಷದಲ್ಲಿ ಒತ್ತಬಹುದು. ಆ್ಯಪ್ ಮಾಡುವವರು ಟಿಕ್ ಜೊತೆಗೆ ಕಂಡದ್ದನ್ನು ಸ್ವಂತ ಮಾತಿನಲ್ಲಿ ಬರೆಯಲು ಒಂದು ಖಾಲಿ ಜಾಗ ಕಡ್ಡಾಯವಾಗಿ ಇಟ್ಟರೆ ಅರ್ಧ ಗೆದ್ದಂತೆ.

ಒಂದು ಪದ ಎಷ್ಟು ಅಪಾಯ ಅನ್ನುವುದಕ್ಕೆ ಅಮೆರಿಕದ್ದೇ ಒಂದು ಘಟನೆ ಇದೆ. ವೆಸ್ಟ್ ವರ್ಜೀನಿಯಾದ ಬಫೆಲೊ ಕ್ರೀಕ್ ಕಣಿವೆಯಲ್ಲಿ ಕಲ್ಲಿದ್ದಲು ತೊಳೆದ ಕೊಚ್ಚೆ ನೀರನ್ನು ಗಣಿಯ ಕಸದಿಂದ ಕಟ್ಟಿದ ಒಡ್ಡಿನ ಹಿಂದೆ ನಿಲ್ಲಿಸಿದ್ದರು. ಸರ್ಕಾರಿ ಇನ್‌ಸ್ಪೆಕ್ಟರ್ ಬಂದು ನೋಡಿ ‘ತೃಪ್ತಿಕರ’ ಅಂದರು. ನಾಲ್ಕು ದಿನ ಕಳೆದ ಮೇಲೆ, 1972ರ ಫೆಬ್ರವರಿ 26ರಂದು ಒಡ್ಡು ಒಡೆಯಿತು. 125 ಜನ ಸತ್ತರು.

ಪ್ರಶ್ನೆ: 2016ರಲ್ಲಿ ಜಾರ್ಖಂಡಿನ ಗಣಿಯೊಂದು ಕುಸಿದು ತುಂಬ ಜನ ಸತ್ತರಲ್ಲ, ದಿನಾ ಸರಿಯಾಗಿ ತಪಾಸಣೆ ಮಾಡಿದ್ದರೆ ಅವರು ಉಳಿಯುತ್ತಿದ್ದರಾ? (ಹಾಸನದ ಶಿಕ್ಷಕಿಯೊಬ್ಬರು)

ಅದು ಗೊಡ್ಡಾ ಜಿಲ್ಲೆಯ ಲಾಲ್‌ಮಾಟಿಯಾದ ರಾಜಮಹಲ್ ಓಪನ್‌ಕಾಸ್ಟ್ ಗಣಿ, 2016ರ ಡಿಸೆಂಬರ್ 29. ಕತ್ತಲಾದ ಮೇಲೆ ಭಾರಿ ಪ್ರಮಾಣದ ಮಣ್ಣು ಕುಸಿದು, ಕೆಳಗೆ ಕೆಲಸದಲ್ಲಿದ್ದ ಜನರನ್ನೂ ಯಂತ್ರಗಳನ್ನೂ ಮುಚ್ಚಿತು. 23 ಜನ ತೀರಿಕೊಂಡರು. ಅವರಲ್ಲಿ ಗುತ್ತಿಗೆ ಕೆಲಸಗಾರರೇ ಹೆಚ್ಚು.

ಮೇಡಂ, ಆ ಒಂದು ಘಟನೆಯ ಬಗ್ಗೆ ನಾನು ತೀರ್ಪು ಕೊಡಲಾರೆ. ಆದರೆ ಮಣ್ಣಿನ ಗುಡ್ಡ ಕುಸಿಯುವ ಬಗೆಯನ್ನು ಹೇಳಬಲ್ಲೆ. ಮೇಲೆ ಅಂಚಿಗೆ ಸಮಾನಾಂತರವಾಗಿ ಬಿರುಕು ಬಿಡುತ್ತದೆ. ಬುಡದಲ್ಲಿ ನೆಲ ಉಬ್ಬುತ್ತದೆ. ಒಣಗಿದ್ದ ಕಡೆ ನೀರು ಜಿನುಗುತ್ತದೆ. ನೆಟ್ಟಗಿದ್ದ ಲೈಟು ಕಂಬ ವಾಲುತ್ತದೆ. ಸಣ್ಣ ಕಲ್ಲುಗಳು ತಾವಾಗಿ ಉರುಳುತ್ತವೆ. ಇವುಗಳಲ್ಲಿ ಹಲವನ್ನು ದಿನಾ ಅದೇ ಜಾಗಕ್ಕೆ ಹೋಗುವ ಮನುಷ್ಯನ ಕಣ್ಣು ಹಿಡಿಯುತ್ತದೆ. ಆದರೆ ನೂರಾರು ಮೀಟರ್ ಉದ್ದದ ಗುಡ್ಡ ಒಟ್ಟಾಗಿ ದಿನಕ್ಕೆ ಕೆಲವು ಮಿಲಿಮೀಟರ್ ಸರಿಯುತ್ತಿದ್ದರೆ ಕಣ್ಣಿಗೆ ಕಾಣದು. ಅದಕ್ಕೆ ರಾಡಾರ್ ಬೇಕು, ಸರ್ವೆ ಗುರುತುಗಳು ಬೇಕು. ರಾತ್ರಿ ಅಂತೂ ಕಣ್ಣಿನ ಶಕ್ತಿ ಇನ್ನೂ ಕಡಿಮೆ.

ಇನ್ನೊಂದು ಮಾತು. ಕಂಡದ್ದು, ಬರೆದದ್ದು ಇದ್ದರೂ ಸಾಲದು. ಬರೆದದ್ದನ್ನು ಓದಿ ‘ಕೆಲಸ ನಿಲ್ಲಿಸಿ, ಜನರನ್ನು ಮೇಲಕ್ಕೆ ಕರೆಸಿ’ ಅನ್ನುವ ಅಧಿಕಾರ ಇರುವವರು ಆ ಹೊತ್ತಿನಲ್ಲಿ ಅಲ್ಲಿ ಇರಬೇಕು. ತಿಂಗಳ ಉತ್ಪಾದನೆಯ ಗುರಿ ತಲೆಯ ಮೇಲೆ ಕೂತಿರುವಾಗ ಆ ಮಾತು ಹೇಳುವುದು ಸುಲಭ ಅಲ್ಲ, ನಾನು ನೋಡಿದ್ದೇನೆ. ಆದ್ದರಿಂದ ತಪಾಸಣೆ ಮಾಡುವ ಸರ್ದಾರನಿಗೆ ಜನರನ್ನು ತೆಗೆಸುವ ಅಧಿಕಾರ ಕಾಗದದಲ್ಲಿ ಮಾತ್ರ ಇದ್ದರೆ ಆಗದು. ಅವನು ಒಂದು ಸಲ ಹಾಗೆ ಮಾಡಿ, ಆಮೇಲೆ ಏನೂ ಆಗದಿದ್ದರೂ, ಅವನನ್ನು ಯಾರೂ ಬೈಯಬಾರದು. ಬೈದರೆ ಎರಡನೇ ಸಲ ಅವನು ಬಾಯಿ ತೆರೆಯುವುದಿಲ್ಲ.

ಪ್ರಶ್ನೆ: ಗಣಿ ಕೆಲಸಗಾರರು ತಾವೇ ತಪಾಸಣೆ ಮಾಡಬಹುದಾ? ಆ ಬುಕ್ ನಮಗೂ ತೋರಿಸುತ್ತಾರಾ? (ಕಲಬುರಗಿ ಮೂಲದ ಫಿಟ್ಟರ್)

ಮಾಡಬಹುದು. ಗಣಿ ನಿಯಮಗಳು 1955ರ ಪ್ರಕಾರ 500 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಗಣಿಯಲ್ಲಿ ಮೂವರು ಕಾರ್ಮಿಕ ಇನ್‌ಸ್ಪೆಕ್ಟರ್‌ಗಳು ಇರಬೇಕು: ಗಣಿಗಾರಿಕೆಗೆ ಒಬ್ಬರು, ವಿದ್ಯುತ್ತಿಗೆ ಒಬ್ಬರು, ಯಂತ್ರಗಳಿಗೆ ಒಬ್ಬರು. ಅವರು ಅದೇ ಗಣಿಯ ಕೆಲಸಗಾರರು. ಅವರಿಗೆ ಬೇರೆಯೇ ರಿಜಿಸ್ಟರ್ ಇರುತ್ತದೆ. ಅವರು ಬರೆದ ದೋಷಕ್ಕೆ ಏನು ಮಾಡಿದ್ದೇವೆ ಅಂತ ಮ್ಯಾನೇಜರ್ ಅದೇ ರಿಜಿಸ್ಟರಿನಲ್ಲಿ ಬರೆಯಬೇಕು. ಸುರಕ್ಷತಾ ಸಮಿತಿ ಅಂತ ಇನ್ನೊಂದಿದೆ, 100ಕ್ಕಿಂತ ಹೆಚ್ಚು ಜನ ಇರುವ ಗಣಿಯಲ್ಲಿ ಅದು ಬೇಕೇ ಬೇಕು.

ನೀವು ಫಿಟ್ಟರ್ ಅಂದಿರಿ. ಹಾಗಾದರೆ ನಿಮ್ಮ ಗಣಿಯಲ್ಲಿ ಯಂತ್ರಗಳ ಕಡೆಯ ಕಾರ್ಮಿಕ ಇನ್‌ಸ್ಪೆಕ್ಟರ್ ಯಾರು ಅಂತ ನಾಳೆಯೇ ವಿಚಾರಿಸಿ. ಅವರ ಜೊತೆ ಒಂದು ದಿನ ವರ್ಕ್‌ಶಾಪಿನಿಂದ ಕನ್ವೇಯರ್ ಬೆಲ್ಟಿನ ತುದಿಯವರೆಗೆ ನಡೆಯಿರಿ, ಗಾರ್ಡ್ ಬಿಚ್ಚಿಟ್ಟ ರೋಲರ್ ಎಲ್ಲಿದೆ, ಎಳೆದರೂ ಬೆಲ್ಟ್ ನಿಲ್ಲದ ತುರ್ತು ಹಗ್ಗ ಎಲ್ಲಿದೆ ಅಂತ ನಿಮಗೇ ಗೊತ್ತಿರುತ್ತದೆ, ತೋರಿಸಿ ಬರೆಸಿ. ಹದಿನೈದು ದಿನ ಬಿಟ್ಟು ಹೋಗಿ, ಅದರ ಮುಂದೆ ಮ್ಯಾನೇಜರ್ ಏನು ಬರೆದಿದ್ದಾರೆ ಅಂತ ಕೇಳಿ ನೋಡಿ. ಉತ್ತರ ಬಂದ ಮೇಲೆ ನನಗೂ ಒಂದು ಕಾಗದ ಹಾಕಿ.