ಕೇಳಿದ್ದೀರಿ: ಬೂಷ್ಟು ಹಿಡಿದ ಕ್ಯಾಸೆಟ್, ಸಿಡಿಲಿಗೆ ಸಿಕ್ಕ ಮೋಡೆಮ್, ಮಲಯಾಳದ ‘ಅಪೇಕ್ಷ’

ಪ್ರಶ್ನೆ: ಅಜ್ಜ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ತಾಳಮದ್ದಳೆಯ ಮೂವತ್ತು ಕ್ಯಾಸೆಟ್ ಅಟ್ಟದಲ್ಲಿ ಸಿಕ್ಕಿವೆ. ಕೆಲವಕ್ಕೆ ಬಿಳಿ ಬೂಷ್ಟು ಬಂದಿದೆ. ಕಂಪ್ಯೂಟರಿಗೆ ಇಳಿಸುವುದು ಹೇಗೆ?
– ಓದುಗರೊಬ್ಬರು, ಪೆರ್ಲ

ಉತ್ತರ: ಮೊದಲು ಬೂಷ್ಟು ಹಿಡಿದವನ್ನು ಬೇರೆ ಮಾಡಿ. ಅವನ್ನು ಹಾಗೆಯೇ ಪ್ಲೇಯರಿಗೆ ಹಾಕಿದರೆ ಬೂಷ್ಟು ಟೇಪು ಓದುವ ಹೆಡ್ಡಿಗೆ ಅಂಟಿ, ಆಮೇಲೆ ಹಾಕುವ ಒಳ್ಳೆಯ ಕ್ಯಾಸೆಟ್‌ಗಳಿಗೂ ದಾಟುತ್ತದೆ. ಸುರುಳಿಯ ಪದರಗಳು ಒಂದಕ್ಕೊಂದು ಅಂಟಿದ್ದರೆ ಟೇಪು ಹರಿದೇ ಹೋದೀತು. ಬಿಸಿಲಿಗೆ ಇಡಬೇಡಿ, ಒಲೆಯ ಮೇಲಿನ ಅಟ್ಟಕ್ಕೂ ಏರಿಸಬೇಡಿ, ಕವಚ ಸೊಟ್ಟಗಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದು ವಾರ ಇಡಿ. ಒಣಗಿದ ಮೇಲೆ ಮೂಗಿಗೆ ಮಾಸ್ಕ್ ಕಟ್ಟಿ, ಪೆನ್ಸಿಲಿನಿಂದ ನಿಧಾನವಾಗಿ ಸುತ್ತುತ್ತಾ, ನೂಲು ಬಿಡದ ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ (99 ಶೇಕಡಾದ್ದು) ತುಸುವೇ ತಾಗಿಸಿ ಒರೆಸಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ. ಅದರ ಗ್ಲಿಸರಿನ್ ಟೇಪಿನಲ್ಲೇ ಉಳಿದುಬಿಡುತ್ತದೆ.

ಉಳಿದವನ್ನು ಪ್ಲೇ ಮಾಡುವ ಮೊದಲು ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಕೂತ ಸುರುಳಿ ಸಡಿಲವಾಗುತ್ತದೆ. ಟೇಪಿನ ಹಿಂದೆ ಸಣ್ಣ ತಗಡಿನ ಮೇಲೆ ಒಂದು ಚೂರು ಫೆಲ್ಟ್ ಇರುತ್ತದೆ, ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದೇ ಅದು. ಅಂಟು ಒಣಗಿ ಉದುರಿದ್ದರೆ ಮಾತು ಕಂಬಳಿ ಹೊದ್ದು ಆಡಿದಂತೆ ಕೇಳುತ್ತದೆ. ಸ್ಕ್ರೂ ಇರುವ ಒಂದು ಖಾಲಿ ಕ್ಯಾಸೆಟ್ ಬಿಚ್ಚಿ, ಸುರುಳಿಗಳನ್ನು ಅದಕ್ಕೆ ವರ್ಗಾಯಿಸುವುದು ಸುಲಭದ ದಾರಿ.

ಪ್ಲೇಯರಿನ ಇಯರ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರ ವಯರು ಕೊಡುವುದೇ ಹೆಚ್ಚಿನವರು ಮಾಡುವ ತಪ್ಪು. ಮೈಕ್ ತೂತು ಬಹಳ ಸಣ್ಣ ಸಂಕೇತಕ್ಕೆಂದು ಮಾಡಿದ್ದು, ಧ್ವನಿ ಒಡೆಯುತ್ತದೆ. ಲೈನ್-ಇನ್ (ಪ್ಲೇಯರಿನಂಥವುಗಳ ಧ್ವನಿ ತೆಗೆದುಕೊಳ್ಳುವ ತೂತು) ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತೆಗೆದುಕೊಳ್ಳಿ. ರೆಕಾರ್ಡ್ ಮಾಡಲು ಆಡಾಸಿಟಿ ತಂತ್ರಾಂಶ ಉಚಿತ. 44,100 ಹರ್ಟ್ಸ್, 16 ಬಿಟ್, ಮೊನೊ ಸಾಕು. ಮನೆಯ ರೆಕಾರ್ಡರಿನ ಒಂದೇ ಮೈಕಿನಲ್ಲಿ ಹಿಡಿದದ್ದಕ್ಕೆ ಸ್ಟೀರಿಯೊ ದಂಡ. ನಿಮಿಷಕ್ಕೆ ಸುಮಾರು 5.3 ಎಂಬಿ, ಅಂದರೆ 90 ನಿಮಿಷದ ಕ್ಯಾಸೆಟ್ಟಿಗೆ 480 ಎಂಬಿ ಹತ್ತಿರ. ಮಟ್ಟ ಹೊಂದಿಸುವಾಗ ಅರ್ಥ ಹೇಳುವ (ಮಾತಿನ) ಭಾಗವನ್ನು ನಂಬಬೇಡಿ, ಚೆಂಡೆಯ ಪೆಟ್ಟು ಬರುವಲ್ಲಿ ಮೀಟರು –6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. ಅರ್ಥ ಮೆಲ್ಲಗೆ ಕೇಳಿದರೆ ಆಮೇಲೆ ಏರಿಸಬಹುದು, ಒಡೆದ ಚೆಂಡೆಯನ್ನು ಸರಿಮಾಡಲಾಗದು.

ಇಡೀ ಧ್ವನಿ ಮಂಕಾಗಿದ್ದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ಆಚೆ ಈಚೆ ತಿರುಗಿಸಿ. ‘ಸ’ಕಾರ, ‘ಶ’ಕಾರ ಚೂಪಾಗಿ ಕೇಳುವಲ್ಲಿ ನಿಲ್ಲಿಸಿ. ಭಾಗವತರ ಶ್ರುತಿ ಇಳಿದು ಹಾಡು ಎಳೆದಂತಿದ್ದರೆ ಪ್ಲೇಯರಿನ ಬೆಲ್ಟ್ ಸಡಿಲವಾಗಿದೆ. ಬೆಲ್ಟ್ ಸಿಗದಿದ್ದರೆ ಆಡಾಸಿಟಿಯಲ್ಲಿ ವೇಗ ಬದಲಿಸುವ ಆಯ್ಕೆ ಬಳಸಿ. ಶ್ರುತಿ ಮಾತ್ರ ಬದಲಿಸುವ ಆಯ್ಕೆ ಬೇಡ. ಟೇಪು ನಿಧಾನವಾದಾಗ ಶ್ರುತಿಯೂ ಕಾಲವೂ ಒಟ್ಟಿಗೇ ಇಳಿದಿರುತ್ತವೆ.

ಮೂಲ ಪ್ರತಿಯನ್ನು ಧ್ವನಿಯ ಅಂಶ ಕಳೆಯದ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿಡಿ. ಸೊಂಯ್ ಶಬ್ದ ತೆಗೆಯುವ ಕೆಲಸವೆಲ್ಲ ನಕಲಿನಲ್ಲಿ, ಅದೂ ಹಿತಮಿತವಾಗಿ. ಜಾಸ್ತಿ ಮಾಡಿದರೆ ಜಾಗಟೆಯ ನಾದ ಸತ್ತು, ಅರ್ಥಧಾರಿ ಬಾವಿಯೊಳಗಿಂದ ಮಾತಾಡಿದಂತಾಗುತ್ತದೆ. ಪೇಟೆಯಲ್ಲಿ ಮಾಡಿಸುವುದಿದ್ದರೆ ಎಂಪಿ3 ಮಾತ್ರ ಕೊಟ್ಟು ಕಳಿಸುವವರಲ್ಲಿಗೆ ಹೋಗಬೇಡಿ.

ಪ್ರಶ್ನೆ: ಫೈಬರ್ ಗಾಜಿನದ್ದು, ಸಿಡಿಲು ತಾಗದು ಎನ್ನುತ್ತಾರೆ. ಸ್ವಿಚ್ಚೂ ಆಫ್ ಇತ್ತು. ಮೋಡೆಮ್ ಸುಟ್ಟುಹೋಯಿತು!
– ಓದುಗರು, ಮುಳ್ಳೇರಿಯ

ಉತ್ತರ: ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಸರಿ. ಆದರೆ ಕಂಬದಿಂದ ಬರುವ ಕಪ್ಪು ಕೇಬಲಿನಲ್ಲಿ ಎಳೆಯ ಜೊತೆ ಸಾಮಾನ್ಯವಾಗಿ ಉಕ್ಕಿನ ತಂತಿಯೂ ಇರುತ್ತದೆ. ಆ ತಂತಿಯನ್ನು ಹೊರಗೋಡೆಯ ಕೊಕ್ಕೆಗೆ ಕಟ್ಟಿ ಅಲ್ಲೇ ಕತ್ತರಿಸಬೇಕು, ಮನೆಯೊಳಗೆ ತರಬಾರದು. ಇನ್ನು ಸ್ವಿಚ್ಚು: ಅದು ಕಡಿಯುವುದು ಫೇಸ್ ಒಂದನ್ನೇ. ನ್ಯೂಟ್ರಲ್ ಹಾಗೆಯೇ ಇರುತ್ತದೆ, ಮತ್ತು ಸ್ವಿಚ್ಚಿನೊಳಗಿನ ಕೆಲವು ಮಿಲಿಮೀಟರ್ ಸಂದು ಸಿಡಿಲಿನ ಏರುವೋಲ್ಟೇಜಿಗೆ ಲೆಕ್ಕವೇ ಅಲ್ಲ. ಅಡಾಪ್ಟರನ್ನು ಪ್ಲಗ್ಗಿನಿಂದ ಎಳೆದೇ ಇಡಬೇಕು. ಗೇಟಿನ ಕ್ಯಾಮೆರಾಕ್ಕೆ ಹೋಗುವ ಲ್ಯಾನ್ ವಯರನ್ನೂ ಕಳಚಿ. ಅಂಗಳ ದಾಟಿ ಹೋಗುವ ಉದ್ದದ ತಾಮ್ರದ ವಯರೇ ದೊಡ್ಡ ಕಳ್ಳದಾರಿ. ಫೈಬರಿನ ತುದಿಯನ್ನು ಮಾತ್ರ ಸುಮ್ಮನೆ ಬಿಡಿ. ತೆಗೆದು ಹಾಕಿ ಮಾಡಿದರೆ ಧೂಳು ಕೂರುತ್ತದೆ. ತುಲಾವರ್ಷದ ಕಾಲದಲ್ಲಿ, ಅಕ್ಟೋಬರ್–ನವೆಂಬರಿನ ಮಧ್ಯಾಹ್ನದ ಮೇಲೆ, ಮೊದಲ ಗುಡುಗು ಕಿವಿಗೆ ಬಿದ್ದ ಕೂಡಲೇ ಇದನ್ನೆಲ್ಲ ಮಾಡಿ. ಸರ್ಜ್ ತಡೆಯುವ ಪ್ಲಗ್ ಬೋರ್ಡು ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಬರೀ ಎಕ್ಸ್‌ಟೆನ್ಶನ್.

ಹೊಸ ಮೋಡೆಮಿಗೆ ದುಡ್ಡು ಕೊಡುವ ಮುಂಚೆ, ಅದೇ ವೋಲ್ಟಿನ ಬೇರೆ ಅಡಾಪ್ಟರ್ ಹಾಕಿ ನೋಡಿ. ಎಷ್ಟೋ ಸಲ ಸತ್ತಿರುವುದು ಅದೊಂದೇ. ‘ಲಾಸ್’ (LOS) ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕು ಮೋಡೆಮಿಗೆ ತಲುಪುತ್ತಿಲ್ಲ, ಕೇಬಲು ಎಲ್ಲೋ ತುಂಡಾಗಿರಬಹುದು, ಲೈನ್‌ಮನ್‌ಗೆ ಹೇಳಿ.

ಪ್ರಶ್ನೆ: ಕಚೇರಿಯಿಂದ ಬರುವ ಮಲಯಾಳ ಕಾಗದಗಳನ್ನು ಫೋನಿನ ಗೂಗಲ್ ಲೆನ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿ ಓದುತ್ತೇನೆ. ನಂಬಬಹುದೇ?
– ಓದುಗರು, ಬದಿಯಡ್ಕ

ಉತ್ತರ: ವಿಷಯ ಏನೆಂದು ತಿಳಿಯಲು ಸಾಕು, ಸಹಿ ಹಾಕಲು ಸಾಲದು. ಹಗಲು ಬೆಳಕಿನಲ್ಲಿ, ಮಡಿಕೆ ಬಿಡಿಸಿ, ನೇರ ಮೇಲಿನಿಂದ ಚಿತ್ರ ತೆಗೆಯಿರಿ. ಹೆಸರು, ಸರ್ವೆ ನಂಬರು, ತಾರೀಖುಗಳನ್ನು ಮೂಲದಲ್ಲೇ ನೋಡಿ, ಯಂತ್ರ ಊರಿನ ಹೆಸರನ್ನೂ ಅನುವಾದಿಸಿಬಿಡುವುದುಂಟು. ಯಂತ್ರಕ್ಕಿಂತ ಹೆಚ್ಚಾಗಿ ನಮ್ಮನ್ನು ಬೀಳಿಸುವುದು ಎರಡು ಭಾಷೆಯಲ್ಲೂ ಇರುವ ಸಂಸ್ಕೃತ ಪದಗಳು. ಮಲಯಾಳದ ‘ಅಪೇಕ್ಷ’ ಅರ್ಜಿ, ಆಸೆಯಲ್ಲ. ‘ಅನುವಾದಂ’ ಎಂದರೆ ಅನುಮತಿ. ‘ಅವಕಾಶಂ’ ಹಕ್ಕು. ‘ಅವಧಿ’ ರಜೆಯೂ ಆಗಬಹುದು. ಜಾಗದ ಕಾಗದದಲ್ಲಿ ‘ಆಧಾರಂ’ ಕಂಡರೆ ದಸ್ತಾವೇಜು ಕೇಳುತ್ತಿದ್ದಾರೆ, ಆಧಾರ್ ಕಾರ್ಡ್ ಹಿಡಿದು ಓಡಬೇಡಿ. (‘ಪ್ರಸಂಗಂ’ ಇದೆ ಎಂದು ಯಕ್ಷಗಾನದ ಚೆಂಡೆ ನಿರೀಕ್ಷಿಸಿ ಹೋದರೆ ಭಾಷಣ ಕೇಳಿ ಬರಬೇಕಾದೀತು.) ಸಂಶಯ ಬಂದ ಸಾಲನ್ನು ಇಂಗ್ಲಿಷಿಗೂ ತಿರುಗಿಸಿ ತಾಳೆ ನೋಡಿ.

ಅಂದಹಾಗೆ, 1969ರ ಕೇರಳ ಅಧಿಕೃತ ಭಾಷಾ ಕಾನೂನು ಕಾಸರಗೋಡಿನ ಕನ್ನಡಿಗರಿಗೆ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಲೆನ್ಸಿಗಿಂತ ಮೊದಲು ಅದನ್ನು ಬಳಸಿ.

ಪ್ರಶ್ನೆ: ತುಳು ಲಿಪಿಯಲ್ಲಿ ಟೈಪ್ ಮಾಡಿ ಕಳಿಸಿದರೆ ಗೆಳೆಯನ ಫೋನಿನಲ್ಲಿ ಕನ್ನಡ ಕಾಣುತ್ತದೆ, ಏಕೆ?
– ಓದುಗರು, ಉಪ್ಪಳ

ಉತ್ತರ: ನೀವು ಬಳಸಿದ ಫಾಂಟು ಕನ್ನಡದ ಸಂಕೇತಗಳಿಗೇ ತುಳುವಿನ ವೇಷ ಹಾಕಿದೆ. ಆ ಫಾಂಟು ಇಲ್ಲದ ಕಡೆ ವೇಷ ಕಳಚುತ್ತದೆ. ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡ್ ವ್ಯವಸ್ಥೆಯ 2024ರ ಸೆಪ್ಟೆಂಬರಿನಲ್ಲಿ ಬಂದ 16ನೇ ಆವೃತ್ತಿಯಲ್ಲಿ ತುಳು–ತಿಗಳಾರಿಗೆ (ಅಲ್ಲಿ ತುಳು ಲಿಪಿಗಿಟ್ಟ ಹೆಸರು) ಸ್ವಂತ ಜಾಗ ಸಿಕ್ಕಿದೆ. ಆದರೆ ಆ ಸಂಕೇತ ಬಳಸುವ ಕೀಲಿಮಣೆ ನಿಮ್ಮಲ್ಲೂ ಫಾಂಟು ಇಬ್ಬರಲ್ಲೂ ಇರಬೇಕು. ಇಲ್ಲವಾದರೆ ಗೆಳೆಯನಿಗೆ ಕಾಣುವುದು ಬರೀ ಚೌಕ. ಅಲ್ಲಿಯವರೆಗೆ ಚಿತ್ರ ಮಾಡಿ ಕಳಿಸಿ.

ಪ್ರಶ್ನೆ: ಗೋವಿಂದ ಪೈಗಳ ಕವನಗಳನ್ನು ನಮ್ಮ ಶಾಲೆಯ ಜಾಲತಾಣದಲ್ಲಿ ಹಾಕಬಹುದೇ?
– ಅಧ್ಯಾಪಕರು, ಮಂಜೇಶ್ವರ

ಉತ್ತರ: ಅವರು ಬದುಕಿದ್ದಾಗ ಅಚ್ಚಾದವನ್ನು ಧಾರಾಳ ಹಾಕಿ. ಪೈಗಳು ತೀರಿಕೊಂಡದ್ದು 1963ರಲ್ಲಿ. ನಮ್ಮ ಕಾನೂನಿನಂತೆ ಮುಂದಿನ ವರ್ಷದ ಆರಂಭದಿಂದ 60 ವರ್ಷ ಲೆಕ್ಕ, 2023ರ ಡಿಸೆಂಬರ್ 31ಕ್ಕೆ ಹಕ್ಕು ಮುಗಿಯಿತು. ಅವರ ಕಾಲಾನಂತರ ಮೊದಲ ಬಾರಿ ಅಚ್ಚಾದವಕ್ಕೆ ಲೆಕ್ಕ ಆ ಪ್ರಕಟಣೆಯಿಂದ. ಸಂಪಾದಕರ ಮುನ್ನುಡಿ, ಟಿಪ್ಪಣಿಗಳು ಅವರವರ ಸೊತ್ತು, ಮುಟ್ಟಬೇಡಿ.

ಪುಟದ ಚಿತ್ರವನ್ನು ಗೂಗಲ್ ಡ್ರೈವಿಗೆ ಏರಿಸಿ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರವಾಗಿ ಸಿಗುತ್ತದೆ. ಒತ್ತಕ್ಷರ, ದೀರ್ಘ, ‘ವ’–‘ಮ’ ತಪ್ಪುವುದು ಸಾಮಾನ್ಯ. ಪೈಗಳು 1911ರಲ್ಲೇ ಪ್ರಾಸ (ಸಾಲುಗಳ ಎರಡನೆಯ ಅಕ್ಷರ ಒಂದೇ ಇರಬೇಕೆಂಬ ನಿಯಮ) ಬಿಟ್ಟವರು, ಹಾಗಾಗಿ ಎರಡನೆಯ ಅಕ್ಷರ ತಪ್ಪಿದ್ದನ್ನು ಹಿಡಿಯಲು ಪ್ರಾಸದ ಸಹಾಯವೂ ಇಲ್ಲ. ಒಬ್ಬರು ಪುಸ್ತಕ ನೋಡಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪರದೆ ನೋಡಿ ತಿದ್ದಬೇಕು. ಎಲ್ಲಾದರೂ ಹಳೆಯ ‘ಱ’, ‘ೞ’ ಸಿಕ್ಕಿದರೆ ‘ರ’, ‘ಳ’ ಮಾಡಬೇಡಿ, ಎರಡೂ ಯೂನಿಕೋಡಿನಲ್ಲಿ ಇವೆ.