ಮೊದಲು ಟೈರ್, ಆಮೇಲೆ ಲಿಫ್ಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳೆಲ್ಲ ಪಿಕಪ್ ಟ್ರಕ್ಕನ್ನು ಕಲ್ಲು, ಕೆಸರಿನ ದಾರಿಗೆ ತಯಾರು ಮಾಡುವ ಬಗ್ಗೆಯೇ ಬಂದಿವೆ. ಮೊದಲ ಪತ್ರಕ್ಕೆ ಉದ್ದದ ಉತ್ತರ ಬೇಕಾಗಿತ್ತು, ಜಾಗವೂ ಅದಕ್ಕೇ ಜಾಸ್ತಿ ಹೋಗಿದೆ.

ಪ್ರಶ್ನೆ: ಸರ್, ನನ್ನದು ಡಬಲ್ ಕ್ಯಾಬ್ ಪಿಕಪ್. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಹಿಂದೆ ಲೀಫ್ ಸ್ಪ್ರಿಂಗ್, ಮ್ಯಾನುಯಲ್ ಗೇರ್. ಈಗ 31 ಇಂಚಿನ ಟೈರ್ ಇದೆ, ಆಕ್ಸಲ್ ರೇಷಿಯೋ 3.73. 6 ಇಂಚು ಲಿಫ್ಟ್ ಮಾಡಿಸಿ, ಅಂದರೆ ಗಾಡಿ ಎತ್ತರಿಸಿ, 35ರ ಟೈರ್ ಹಾಕಬೇಕು, ಮುಂದೆ ಕಬ್ಬಿಣದ ಬಂಪರ್ ಮತ್ತು ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ರಾಟೆ), ಮೇಲೆ ಟೆಂಟ್ ಇಡಬೇಕು ಅಂತ ಆಸೆ. ಮೊದಲು ಲಿಫ್ಟ್ ಕಿಟ್ ತರಿಸಲಾ? ಗೇರ್, ಲಾಕರ್ (ಆಕ್ಸಲಿನ ಎರಡೂ ಚಕ್ರ ಒಟ್ಟಿಗೆ ತಿರುಗುವ ಹಾಗೆ ಮಾಡುವ ಸಾಧನ) ಎಲ್ಲ ಆಮೇಲೆ ನೋಡಿಕೊಂಡರೆ ಆಗುತ್ತಾ?

ಉತ್ತರ: ಲಿಫ್ಟ್ ಕಿಟ್ ಈಗಲೇ ತರಿಸಬೇಡಿ. ಗಾಡಿ ಎಷ್ಟು ತೂಗುತ್ತೆ, ಎಷ್ಟು ದೊಡ್ಡ ಟೈರ್ ಹಾಕ್ತೀರಿ, ಇವೆರಡು ತೀರ್ಮಾನ ಆಗದೆ ಸ್ಪ್ರಿಂಗ್ ಆರಿಸೋಕೆ ಆಗಲ್ಲ, ಗೇರ್ ಆರಿಸೋಕೂ ಆಗಲ್ಲ. ಹೆಚ್ಚಿನವರು ಕಣ್ಣಿಗೆ ಕಾಣೋದನ್ನ ಮೊದಲು ಮಾಡಿಸ್ತಾರೆ. ಆಮೇಲೆ ಅದಕ್ಕೆ ಹೊಂದಿಸೋಕೆ ಹೋಗಿ ಅದೇ ಕೆಲಸವನ್ನ ಎರಡೆರಡು ಸಲ ಮಾಡಿಸ್ತಾರೆ.

ಒಂದು ವಿಷಯ ಮೊದಲೇ ಸ್ಪಷ್ಟ ಆಗಲಿ. ಲಿಫ್ಟ್ ಮಾಡಿದರೆ ಮೇಲೇಳೋದು ಫ್ರೇಮ್ ಮತ್ತು ಬಾಡಿ. ಹಿಂದಿನ ಡಿಫರೆನ್ಷಿಯಲ್ ಗೋಳ (ಎಳೆತವನ್ನ ಎರಡೂ ಚಕ್ರಕ್ಕೆ ಹಂಚುವ, ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ಇದ್ದಲ್ಲೇ ಇರುತ್ತೆ, ಅದನ್ನ ನೆಲದಿಂದ ಎತ್ತೋದು ಟೈರ್ ಒಂದೇ, ಅದೂ ಹೆಚ್ಚಿದ ವ್ಯಾಸದ ಅರ್ಧದಷ್ಟು ಮಾತ್ರ. 31ರಿಂದ 35ಕ್ಕೆ ಹೋದರೆ ಆಕ್ಸಲ್ ಕೆಳಗೆ ಸಿಗೋದು 2 ಇಂಚು, 33ಕ್ಕೆ ಹೋದರೆ 1 ಇಂಚು. ಅಂದರೆ ಲಿಫ್ಟಿನ ಮುಖ್ಯ ಕೆಲಸ ಆ ಟೈರ್ ಉಜ್ಜದೆ ತಿರುಗೋಕೆ, ಮೇಲೆ ಕೆಳಗೆ ಆಡೋಕೆ ಜಾಗ ಮಾಡಿಕೊಡೋದು. ಅದಕ್ಕಿಂತ ಜಾಸ್ತಿ ಎತ್ತಿದರೆ ಗಾಡಿಯ ಭಾರದ ಕೇಂದ್ರ ಸುಮ್ನೆ ಮೇಲೆ ಹೋಗುತ್ತೆ, ಇಳಿಜಾರಿನಲ್ಲಿ ಅಡ್ಡ ಹೋಗುವಾಗ ಅದು ಭಯ ಹುಟ್ಟಿಸುತ್ತೆ.

ನಿಮ್ಮ ಮುಂದಿನ ಸಸ್ಪೆನ್ಷನ್ ಇಂಡಿಪೆಂಡೆಂಟ್, ಅಂದರೆ ಎಡ ಬಲದ ಚಕ್ರಗಳು ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡ್ತವೆ. ಅಲ್ಲಿ ಚಕ್ರ ಹಿಡಿದಿರುವ ಆರ್ಮ್‌ಗಳ ಉದ್ದಕ್ಕೆ ತಕ್ಕಷ್ಟೇ ಒಟ್ಟು ಚಲನೆ ಇರುತ್ತೆ, 2 ಇಂಚು ಎತ್ತಿದರೆ ಚಕ್ರ ಕೆಳಗೆ ಇಳಿಯುವ ದಾರಿಯಲ್ಲಿ ಆ 2 ಇಂಚು ಕಡಿಮೆ ಆಗುತ್ತೆ. 2-3 ಇಂಚು ದಾಟಿದ ಮೇಲೆ ಸಿವಿ ಜಾಯಿಂಟ್ (ಚಕ್ರಕ್ಕೆ ಹೋಗುವ ಶಾಫ್ಟಿನ ಬಾಗುವ ಕೀಲು) ಓರೆಯಾಗಿ ದುಡಿಯಬೇಕು, ಅದರ ರಬ್ಬರ್ ಬೂಟ್ ಉಜ್ಜಿ ಹರಿಯುತ್ತೆ, ಆರ್ಮ್ ತುದಿಯ ಬಾಲ್ ಜಾಯಿಂಟ್ ತನ್ನ ಮಿತಿಗೆ ಬಂದು ಒತ್ತುತ್ತೆ. 6 ಇಂಚಿನ ಕಿಟ್‌ಗಳು ಇದನ್ನ ತಪ್ಪಿಸೋಕೆ ಮುಂದಿನ ಡಿಫರೆನ್ಷಿಯಲ್ ಮತ್ತು ಕೆಳಗಿನ ಆರ್ಮ್‌ಗಳನ್ನ ಬ್ರಾಕೆಟ್ ಹಾಕಿ ಕೆಳಗಿಳಿಸ್ತವೆ. ಹಾಗಾಗಿ ಬಾನೆಟ್ ಮೇಲೆ ಹೋಗಿದ್ದರೂ ಕಲ್ಲಿಗೆ ತಾಗುವ ಅಡ್ಡಪಟ್ಟಿ ಹೆಚ್ಚುಕಡಿಮೆ ಹಳೆಯ ಎತ್ತರದಲ್ಲೇ ಉಳಿಯುತ್ತೆ. ನನ್ನ ಸಲಹೆ 33ರ ಟೈರ್, 2 ಇಂಚು ಲಿಫ್ಟ್, ಫೆಂಡರ್ ಒಳಗೆ ಬೇಕಾದರೆ ಸ್ವಲ್ಪ ಕತ್ತರಿಸೋದು. 35 ಬೇಕೇ ಬೇಕು ಅಂದರೆ ಸ್ಟೀರಿಂಗ್ ರಾಡ್, ಬ್ರೇಕ್, ಮುಂದಿನ ಶಾಫ್ಟ್‌ಗಳು ಎಲ್ಲವನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ಹೊರಡಿ.

ಈಗ ಗೇರ್, ಅಂದರೆ ಆಕ್ಸಲ್ ಒಳಗಿನದು. ಆಕ್ಸಲ್ ರೇಷಿಯೋ ಅಂದರೆ ಚಕ್ರ ಒಂದು ಸುತ್ತು ಬರೋಕೆ ಇಂಜಿನ್ ಕಡೆಯಿಂದ ಎಳೆತ ತರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನೋದು. ಲೆಕ್ಕ ಸುಲಭ: ಹೊಸ ಟೈರಿನ ಅಳತೆಯನ್ನ ಹಳೆಯದರಿಂದ ಭಾಗಿಸಿ, ಬಂದದ್ದನ್ನ ಈಗಿನ ರೇಷಿಯೋಗೆ ಗುಣಿಸಿ. 35ನ್ನು 31ರಿಂದ ಭಾಗಿಸಿದರೆ 1.129. ಅದನ್ನ 3.73ಕ್ಕೆ ಗುಣಿಸಿದರೆ 4.21. ಹಳೆಯ ಎಳೆತ ವಾಪಸ್ ಬರಬೇಕಾದರೆ ಅಷ್ಟಾದರೂ ಬೇಕು. ಗೇರ್ ಬದಲಿಸದೆ ಬಿಟ್ಟರೆ ನಿಮ್ಮ 3.73 ಈಗ 3.30ರ ಹಾಗೆ ವರ್ತಿಸುತ್ತೆ, ಏರಿನಲ್ಲಿ ಕ್ಲಚ್ ಸುಟ್ಟುಕೊಂಡು ಹತ್ತಬೇಕಾಗುತ್ತೆ. ಸ್ಪೀಡೋಮೀಟರ್ 60 ತೋರಿಸುವಾಗ ನೀವು ಹತ್ತಿರ ಹತ್ತಿರ 68ರಲ್ಲಿ ಇರ್ತೀರಿ. 33ರ ಟೈರ್‌ಗೆ ಇದೇ ಲೆಕ್ಕದಲ್ಲಿ 3.97 ಬರುತ್ತೆ, ಹಾಗಾಗಿ 4.10 ಸರಿಹೋಗುತ್ತೆ. 35 ಆದರೆ, ಬಂಪರ್ ಮತ್ತು ಟೆಂಟಿನ ತೂಕವೂ ಸೇರುವುದರಿಂದ, ನಾನು 4.56ಕ್ಕೇ ಹೋಗ್ತೀನಿ. ಅದಕ್ಕಿಂತ ಮೇಲಿನ ಸಂಖ್ಯೆಗಳಿಗೆ ಹೋದ ಹಾಗೆ ಪಿನಿಯನ್ (ಆಕ್ಸಲ್ ಒಳಗಿನ ಚಿಕ್ಕ ಗೇರ್) ತಲೆ ಚಿಕ್ಕದಾಗುತ್ತೆ, ಹಲ್ಲಿನ ಬಲ ಕುಗ್ಗುತ್ತೆ, ಅದೂ ತಲೆಯಲ್ಲಿರಲಿ. ಇನ್ನೊಂದು ಮಾತು, ಮುಂದೆ ಹಿಂದೆ ಎರಡೂ ಆಕ್ಸಲ್‌ಗೆ ಒಂದೇ ರೇಷಿಯೋ ಇರಬೇಕು. ಒಂದು ಕಡೆ ಮಾತ್ರ ಬದಲಿಸಿ ಫೋರ್ ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ (ಎಳೆತವನ್ನ ಮುಂದಿನ ಹಿಂದಿನ ಆಕ್ಸಲ್ಲಿಗೆ ಹಂಚುವ ಪೆಟ್ಟಿಗೆ) ಮುರಿಯುತ್ತೆ.

ಕಲ್ಲಿನ ಮೇಲೆ ನಿಧಾನವಾಗಿ ಹತ್ತೋಕೆ ನೋಡಬೇಕಾದ್ದು ಕ್ರಾಲ್ ರೇಷಿಯೋ. ಮೊದಲ ಗೇರ್, ಟ್ರಾನ್ಸ್‌ಫರ್ ಕೇಸಿನ ಲೋ (ನಿಧಾನದ ಗೇರ್), ಆಕ್ಸಲ್ ರೇಷಿಯೋ, ಮೂರನ್ನೂ ಗುಣಿಸಿ. ಮೊದಲ ಗೇರ್ 4.0, ಲೋ 2.5 ಅಂತ ಇಟ್ಟುಕೊಂಡರೆ 3.73ರಲ್ಲಿ 37.3 ಬರುತ್ತೆ, 4.10ರಲ್ಲಿ 41. ದೊಡ್ಡ ಟೈರ್ ಅದರಲ್ಲಿ ಸ್ವಲ್ಪ ತಿಂದರೂ 33ರ ಮೇಲೆ 38.5ರಷ್ಟು ಉಳಿಯುತ್ತೆ, ಹಳೆಯದಕ್ಕಿಂತ ಒಂದು ಕೈ ಮೇಲೇ. ನಿಮ್ಮ ಗಾಡಿಯ ಸಂಖ್ಯೆಗಳನ್ನ ಮ್ಯಾನುಯಲ್‌ನಲ್ಲಿ ನೋಡಿ ಇದೇ ಥರ ಹಾಕಿ.

ಇನ್ನು ತೂಕ. ಇದನ್ನ ಯಾರೂ ಗಂಭೀರವಾಗಿ ತಗೊಳ್ಳಲ್ಲ, ನನಗೆ ಬೇಜಾರು ಅದೇ. ವಿಂಚ್ ಬಂಪರ್ ಸೇರಿ 100 ಕಿಲೋ ಅಂತ ಇಟ್ಟುಕೊಳ್ಳಿ. ಅದು ಕೂರೋದು ಮುಂದಿನ ಆಕ್ಸಲ್‌ಗಿಂತ ಮುಂದೆ. ವೀಲ್‌ಬೇಸ್ 3 ಮೀಟರ್ ಇದ್ದು ಆ ಭಾರ ಆಕ್ಸಲ್‌ನಿಂದ ಮುಕ್ಕಾಲು ಮೀಟರ್ ಮುಂದಿದ್ದರೆ ಮುಂದಿನ ಚಕ್ರಗಳ ಮೇಲೆ ಬೀಳೋದು 125 ಕಿಲೋ, ಹಿಂದೆ 25 ಕಿಲೋ ಕಡಿಮೆ ಆಗುತ್ತೆ. ಹಾಗಾಗಿ ಬಂಪರ್, ವಿಂಚ್ ಹಾಕಿ, ಟ್ಯಾಂಕ್ ತುಂಬಿಸಿ, ಯಾವಾಗಲೂ ಹೋಗುವಷ್ಟು ಜನ ಕೂತು, ಸಾಮಾನು ಹೇರಿ ವೇಬ್ರಿಡ್ಜಿಗೆ ಹೋಗಿ. ಮುಂದಿನ ಆಕ್ಸಲ್ ಒಂದು ಸಲ, ಹಿಂದಿನದು ಒಂದು ಸಲ ತೂಗಿಸಿ. ಆ ಎರಡು ಅಂಕಿ ಕೈಯಲ್ಲಿ ಹಿಡಿದು ಸ್ಪ್ರಿಂಗ್ ಕೇಳಿ. ಕಂಪನಿ ಹೇಳಿದ ಒಟ್ಟು ತೂಕದ ಮಿತಿ ಗಟ್ಟಿ ಸ್ಪ್ರಿಂಗ್ ಹಾಕಿದ್ದರಿಂದ ಹೆಚ್ಚಾಗಲ್ಲ, ಬ್ರೇಕು ಬೇರಿಂಗು ಅವೇ ಅಲ್ವಾ? ದೊಡ್ಡ ಟೈರ್ ಹಾಕಿದ ಮೇಲೆ ಪೆಡಲ್ ಅಷ್ಟೇ ಒತ್ತಿದರೂ ಬ್ರೇಕ್ ಹಿಡಿತ ಮೊದಲಿಗಿಂತ ಕಮ್ಮಿ ಇರುತ್ತೆ.

ಅನುಕ್ರಮ ಕೇಳಿದ್ದೀರಿ. ಟೈರ್ ಅಳತೆ ತೀರ್ಮಾನ ಮಾಡಿ, ಸ್ಟೆಪ್ನಿಯೂ ಅದೇ ಅಳತೆಯದು ಎಲ್ಲಿ ಕೂರುತ್ತೆ ಅಂತ ನೋಡಿ. ಬಂಪರ್ ಹಾಕಿ ತೂಗಿಸಿ. ಸ್ಪ್ರಿಂಗ್, ಶಾಕ್ ಒಟ್ಟಿಗೆ ತನ್ನಿ. ಟೈರ್ ಏರಿಸುವ ವೇಳೆಗೇ ಗೇರ್ ಮತ್ತು ಲಾಕರ್ ಒಂದೇ ಸಲ ಮುಗಿಸಿ. ಹೊಸ ಗೇರ್ ಜೋಡಿ, ಅಂದರೆ ಕ್ರೌನ್ ಪಿನಿಯನ್, ಕೂರಿಸಿದ ಮೇಲೆ ಮೊದಲ ಓಟ 15-20 ನಿಮಿಷ ಸಾಕು, ಪೂರ್ತಿ ತಣ್ಣಗಾಗೋಕೆ ಬಿಡಿ, ಹೀಗೆ ಕೆಲವು ಸಲ ಮಾಡಿ, 800 ಕಿಲೋಮೀಟರ್ ಹೊತ್ತಿಗೆ ಆಕ್ಸಲ್ ಆಯಿಲ್ ಬದಲಿಸಿ. ಅಲ್ಲಿಯವರೆಗೆ ಭಾರ ಎಳೆಯಬೇಡಿ.

ಪ್ರಶ್ನೆ: ಲಾಕರ್ ಮುಂದೆ ಹಾಕಿಸಲಾ, ಹಿಂದೆ ಹಾಕಿಸಲಾ? ಒಂದಕ್ಕೆ ಮಾತ್ರ ದುಡ್ಡಿದೆ.

ಉತ್ತರ: ಹಿಂದೆ. ಏರಿನಲ್ಲಿ ಭಾರ ಹಿಂದಕ್ಕೆ ಬರುತ್ತೆ, ಹಿಂದಿನ ಆಕ್ಸಲ್ ಸಾಮಾನ್ಯವಾಗಿ ಗಟ್ಟಿ ಇರುತ್ತೆ, ಸ್ಟೀರಿಂಗ್‌ಗೆ ತೊಂದರೆ ಇಲ್ಲ. ಓಪನ್ ಡಿಫರೆನ್ಷಿಯಲ್, ಅಂದರೆ ಲಾಕರ್ ಇಲ್ಲದ್ದು, ಎರಡೂ ಚಕ್ರಕ್ಕೆ ಸಮ ಬಲ ಕೊಡುತ್ತೆ. ಕೇಳೋಕೆ ಚೆನ್ನಾಗಿದೆ, ಆದರೆ ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಅದು ತಗೊಳ್ಳೋ ಬಲ ಹತ್ತಿರ ಹತ್ತಿರ ಸೊನ್ನೆ, ನೆಲಕ್ಕೆ ತಾಗಿರುವ ಚಕ್ರಕ್ಕೂ ಅಷ್ಟೇ ಸಿಗುತ್ತೆ. ಲಾಕರ್ ಎರಡನ್ನೂ ಕಟ್ಟಿಹಾಕುತ್ತೆ. ಆಗ ಕೆಲವೊಮ್ಮೆ ಪೂರಾ ಎಳೆತ ಒಂದೇ ಶಾಫ್ಟ್ ಮೇಲೆ ಬೀಳುತ್ತೆ, ಮುಂದಿನ ಸಿವಿ ಶಾಫ್ಟ್ ಮುರಿಯೋದು ಹೀಗೇ, ಅದೂ ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಲರೇಟರ್ ಒತ್ತಿದಾಗ.

ಸ್ವಿಚ್ ಒತ್ತಿ ಹಾಕಿ ತೆಗೆಯುವ ಗಾಳಿಯ ಅಥವಾ ಎಲೆಕ್ಟ್ರಿಕ್ ಲಾಕರ್ ತಗೊಳ್ಳಿ. ತಾನಾಗೇ ಕಚ್ಚುವ ಜಾತಿಯದು ಅಗ್ಗ, ಗಟ್ಟಿಯೂ ಹೌದು, ಆದರೆ ದಿನಾ ಓಡಿಸುವ ಗಾಡಿಯಲ್ಲಿ ತಿರುವಿನಲ್ಲಿ ಟಕ್ ಟಕ್ ಅನ್ನುತ್ತೆ. ಕೆಸರಿನ ಅಡ್ಡ ಇಳಿಜಾರಿನಲ್ಲಿ ಲಾಕರ್ ತೆಗೆದೇ ಹೋಗಿ, ಎರಡೂ ಚಕ್ರ ಒಟ್ಟಿಗೆ ಜಾರಿದರೆ ಗಾಡಿಯ ಹಿಂಭಾಗ ಕೆಳಗೆ ಸರಿಯುತ್ತೆ.

ಕೊಳ್ಳುವ ಮುಂಚೆ ಗೇರ್ ರೇಷಿಯೋ ತೀರ್ಮಾನ ಆಗಿರಲಿ. ಕೆಲವು ಆಕ್ಸಲ್‌ಗಳಲ್ಲಿ ರೇಷಿಯೋ ಬದಲಾದರೆ ಒಳಗಿನ ಕ್ಯಾರಿಯರ್ (ಕ್ರೌನ್ ಗೇರ್ ಕೂರುವ ಗೂಡು, ಲಾಕರ್ ಬರೋದೂ ಅದರ ಜಾಗಕ್ಕೇ) ಕೂಡ ಬೇರೆಯದೇ ಬೇಕು. ಡಾನಾ 44 ಅನ್ನೋ ಆಕ್ಸಲಿನಲ್ಲಿ 3.73 ಮತ್ತು ಅದಕ್ಕಿಂತ ಕೆಳಗಿನವಕ್ಕೆ ಒಂದು, 3.92 ಮತ್ತು ಮೇಲಿನವಕ್ಕೆ ಇನ್ನೊಂದು. ಈಗಿನ ಗೇರಿಗೆ ಅಂತ ಲಾಕರ್ ತಂದು ಮುಂದಿನ ವರ್ಷ ಗೇರ್ ಬದಲಿಸಿದರೆ ಆ ಲಾಕರ್ ಕೂರದೆ ಹೋಗಬಹುದು.

ಪ್ರಶ್ನೆ: ಹಿಂದೆ ಲೀಫ್ ಸ್ಪ್ರಿಂಗ್ ಕೆಳಗೆ ಬ್ಲಾಕ್ ಇಟ್ಟು 3 ಇಂಚು ಎತ್ತಿಸಿದ್ದೀನಿ. ಅವತ್ತಿನಿಂದ 80ರ ಮೇಲೆ ಕೆಳಗಿನಿಂದ ನಡುಕ. ಪ್ರೊಪೆಲ್ಲರ್ ಶಾಫ್ಟ್ ಬ್ಯಾಲೆನ್ಸ್ ಮಾಡಿಸಿದೆ, ಹೋಗಲಿಲ್ಲ. ಜೋರಾಗಿ ಎತ್ತಿದರೆ ದಡ್ ಅಂತ ಶಬ್ದವೂ ಬರುತ್ತೆ.

ಉತ್ತರ: ನಿಮಗಿರೋದು ಎರಡು ಬೇರೆ ಕಾಯಿಲೆ, ಬಹುಶಃ ಎರಡಕ್ಕೂ ಕಾರಣ ಆ ಬ್ಲಾಕೇ.

ನಡುಕದ ವಿಷಯ ಮೊದಲು. ಕ್ರಾಸ್ ಜಾಯಿಂಟ್ (ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕೀಲು) ಓರೆಯಾಗಿ ತಿರುಗುವಾಗ ಅದರ ಆಚೆ ಕಡೆಯ ಶಾಫ್ಟ್ ಒಂದೇ ವೇಗದಲ್ಲಿ ತಿರುಗಲ್ಲ. ಪ್ರತಿ ಸುತ್ತಿಗೆ ಎರಡು ಸಲ ಜೋರಾಗಿ, ಎರಡು ಸಲ ನಿಧಾನ ಆಗುತ್ತೆ. ಇನ್ನೊಂದು ತುದಿಯ ಜಾಯಿಂಟ್ ಅಷ್ಟೇ ಕೋನದಲ್ಲಿ ಇದ್ದರೆ ಈ ಏರಿಳಿತವನ್ನ ಸರಿಮಾಡಿಬಿಡುತ್ತೆ. ಅಂದರೆ ಟ್ರಾನ್ಸ್‌ಫರ್ ಕೇಸಿನ ಹೊರಮೂತಿ ಮತ್ತು ಪಿನಿಯನ್ ಎರಡೂ ಪರಸ್ಪರ ಸಮಾನಾಂತರ ಇರಬೇಕು, 1 ಡಿಗ್ರಿ ಆಚೀಚೆ ಪರವಾಗಿಲ್ಲ. ಟ್ರಾನ್ಸ್‌ಫರ್ ಕೇಸ್ ಕಡೆ ಡಬಲ್ ಜಾಯಿಂಟ್ ಇರುವ ಶಾಫ್ಟ್ ಆದರೆ ನಿಯಮ ಬೇರೆ: ಪಿನಿಯನ್ ನೇರ ಶಾಫ್ಟಿನ ದಿಕ್ಕಿಗೇ ನೋಡಬೇಕು, ಎಳೆಯುವಾಗ ಅದು ಮೇಲೇಳುವುದರಿಂದ 1-2 ಡಿಗ್ರಿ ತಗ್ಗಿಸಿ ಇಡ್ತಾರೆ. ಗಾಡಿ ಸಮತಟ್ಟು ನೆಲದಲ್ಲಿ ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ಕೋನ ಅಳೆಯಿರಿ. ಜಾಕ್ ಕೊಟ್ಟು ಎತ್ತಿದರೆ ಆಕ್ಸಲ್ ಜೋತುಬಿದ್ದು ಎಲ್ಲ ಲೆಕ್ಕ ತಪ್ಪುತ್ತೆ. ಕೋನ ತಪ್ಪಿದ್ದರೆ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಓರೆ ತಗಡು ಇಟ್ಟು ತಿದ್ದಬಹುದು, ಉಕ್ಕಿನದ್ದೇ ಹಾಕಿಸಿ, ಅಲ್ಯೂಮಿನಿಯಂ ಒತ್ತಡಕ್ಕೆ ಒಡೆಯುತ್ತೆ. ಎರಡು ತುಂಡಿನ ಶಾಫ್ಟ್ ಆಗಿದ್ದರೆ ನಡುವಿನ ಬೇರಿಂಗನ್ನ ಎಷ್ಟು ಕೆಳಗಿಳಿಸಬೇಕು ಅಂತಲೂ ನೋಡಬೇಕು.

ದಡ್ ಶಬ್ದ ಸ್ಪ್ರಿಂಗ್ ತಿರುಚಿಕೊಳ್ಳೋದರಿಂದ ಬರ್ತಿರಬಹುದು. ಎಳೆತ ಬಂದಾಗ ಆಕ್ಸಲ್ ತನ್ನಷ್ಟಕ್ಕೆ ಉರುಳೋಕೆ ನೋಡುತ್ತೆ, ಲೀಫ್ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಾಗುತ್ತೆ, ಆಮೇಲೆ ಬಿಟ್ಟುಕೊಂಡು ಬಡಿಯುತ್ತೆ. ಬ್ಲಾಕ್ ಇದ್ದರೆ ಆಕ್ಸಲ್‌ಗೆ ಇನ್ನಷ್ಟು ಉದ್ದದ ಸನ್ನೆ ಸಿಕ್ಕ ಹಾಗೆ, ಬಾಗೋದು ಜಾಸ್ತಿ ಆಗುತ್ತೆ. ಬ್ಲಾಕ್ ತೆಗೆದು, ನಿಮ್ಮ ಗಾಡಿಯ ತೂಕಕ್ಕೆ ಮಾಡಿದ, ಕಮಾನು ಜಾಸ್ತಿ ಇರುವ ಹೊಸ ಲೀಫ್ ಕಟ್ಟು ಹಾಕಿಸಿ ಅನ್ನೋದೇ ನನ್ನ ಅಭಿಪ್ರಾಯ. ಮುಂದಿನ ಆಕ್ಸಲ್‌ಗೆ ಯಾರಾದರೂ ಬ್ಲಾಕ್ ಇಡ್ತೀನಿ ಅಂದರೆ ಖಂಡಿತ ಒಪ್ಪಬೇಡಿ, ಬ್ರೇಕ್ ಹಾಕಿದಾಗ ಅದು ಜಾರಿ ಹೊರಬಂದರೆ ಸ್ಟೀರಿಂಗ್ ನಿಮ್ಮ ಕೈಯಲ್ಲಿ ಇರಲ್ಲ. ಈ ಕೆಲಸದಲ್ಲಿ ಬಿಚ್ಚಿದ ಯು ಬೋಲ್ಟುಗಳನ್ನ ಮತ್ತೆ ಹಾಕಬೇಡಿ, ಅವು ಒಂದು ಸಲ ಬಿಗಿದಾಗಲೇ ಎಳೆದುಕೊಂಡಿರ್ತವೆ. ಹೊಸದು ಹಾಕಿ, ಕೆಲವು ದಿನ ಓಡಿಸಿ, ಟಾರ್ಕ್ ವ್ರೆಂಚಿನಲ್ಲಿ ಇನ್ನೊಮ್ಮೆ ಬಿಗಿ ನೋಡಿ.

ಪ್ರಶ್ನೆ: ಹೊರಗಡೆ ಬೇರೆ ಡಬ್ಬಿ ಇರುವ ದುಬಾರಿ ಶಾಕ್ ಅಬ್ಸಾರ್ಬರ್ ನಿಜಕ್ಕೂ ಬೇಕಾ?

ಉತ್ತರ: ಕಲ್ಲಿನ ಮೇಲೆ ನಡೆಯುವ ವೇಗದಲ್ಲಿ ಹೋಗೋರಿಗೆ ಬೇಡ. ಗಂಟೆಗಟ್ಟಲೆ ಕುಲುಕುವ ದಾರಿಯಲ್ಲಿ ವೇಗವಾಗಿ, ಭಾರ ಹೊತ್ತು ಹೋಗೋರಿಗೆ ಬೇಕು. ಶಾಕ್ ಮಾಡೋ ಕೆಲಸ ಚಲನೆಯನ್ನ ಶಾಖ ಮಾಡೋದು. ಆಯಿಲ್ ಕಾದು ತೆಳುವಾದರೆ, ನೊರೆ ಎದ್ದರೆ, ಹಿಡಿತ ಹೋಗುತ್ತೆ. ಹೊರಗಿನ ಡಬ್ಬಿ ಜಾಸ್ತಿ ಆಯಿಲ್ ಹಿಡಿಯುತ್ತೆ, ಅದರಲ್ಲಿನ ನೈಟ್ರೋಜನ್ ಒತ್ತಡ ನೊರೆ ಏಳದ ಹಾಗೆ ನೋಡಿಕೊಳ್ಳುತ್ತೆ.

ಬ್ರ್ಯಾಂಡಿಗಿಂತ ಅಳತೆ ಮುಖ್ಯ. ಶಾಕ್ ಬಿಚ್ಚಿ, ಆಕ್ಸಲನ್ನ ಪೂರ್ತಿ ಜೋತುಬಿಟ್ಟು ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ ಟೇಪ್ ಹಿಡಿಯಿರಿ. ಆಮೇಲೆ ಬಂಪ್ ಸ್ಟಾಪ್ (ಆಕ್ಸಲ್ ಮೇಲೆ ಬಂದಾಗ ತಡೆಯುವ ರಬ್ಬರ್) ಪೂರ್ತಿ ಅಮುಕುವವರೆಗೆ ಎತ್ತಿ ಮತ್ತೆ ಅಳೆಯಿರಿ. ಪೂರ್ತಿ ಮುಚ್ಚಿದ ಶಾಕ್ ಎರಡನೆಯ ಅಳತೆಗಿಂತ ಸುಮಾರು 25 ಮಿಲಿಮೀಟರ್ ಗಿಡ್ಡ ಇರಲಿ, ಇಲ್ಲದಿದ್ದರೆ ಗುಂಡಿಯ ಪೆಟ್ಟನ್ನ ಬಂಪ್ ಸ್ಟಾಪ್ ಬದಲು ಶಾಕ್ ತಿನ್ನುತ್ತೆ. ಪೂರ್ತಿ ತೆರೆದಾಗ ಮೊದಲನೆಯ ಅಳತೆಗಿಂತ ಉದ್ದ ಇರಲಿ. ಆಕ್ಸಲ್ ಜೋತುಬಿದ್ದಿರುವಾಗಲೇ ಬ್ರೇಕ್ ಹೋಸ್, ಎಬಿಎಸ್ ವೈರ್, ಆಕ್ಸಲಿನ ಉಸಿರು ಪೈಪ್ ಮೂರನ್ನೂ ಕೈಯಿಂದ ಮುಟ್ಟಿ ನೋಡಿ, ಸ್ಟೀರಿಂಗ್ ಆ ತುದಿಯಿಂದ ಈ ತುದಿಗೆ ತಿರುಗಿಸಿಯೂ ನೋಡಿ. ಬಿಗಿಯಾಗಿದ್ದರೆ ಉದ್ದದ್ದು ಹಾಕಿ. ಉಸಿರು ಪೈಪ್ ಕಿತ್ತುಹೋದರೆ ಹೊಳೆ ದಾಟುವಾಗ ಬಿಸಿ ಆಕ್ಸಲ್ ತಟ್ಟನೆ ತಣ್ಣಗಾಗಿ ನೀರನ್ನ ಒಳಗೆ ಎಳೆದುಕೊಳ್ಳುತ್ತೆ. ಆಯಿಲ್ ಹಾಲಿನ ಬಣ್ಣಕ್ಕೆ ಬಂದಿದ್ದರೆ ಅದೇ ಆಗಿರೋದು, ತಕ್ಷಣ ಬದಲಿಸಿ.

ಪ್ರಶ್ನೆ: ನನ್ನ ಗಾಡಿಗೆ ಮುಂದೆಯೂ ಸಾಲಿಡ್ ಆಕ್ಸಲ್ (ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಆಕ್ಸಲ್), ಕಾಯಿಲ್ ಸ್ಪ್ರಿಂಗ್. ಲಿಫ್ಟ್ ಆದ ಮೇಲೆ ಗುಂಡಿ ದಾಟಿದರೆ ಸ್ಟೀರಿಂಗ್ ಹುಚ್ಚು ಹಿಡಿದ ಹಾಗೆ ಅಲ್ಲಾಡುತ್ತೆ, ಗಾಡಿ ನಿಲ್ಲಿಸಲೇಬೇಕು. ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗ್ ಅಲ್ಲಾಟ ತಗ್ಗಿಸುವ ಚಿಕ್ಕ ಶಾಕ್) ಬದಲಿಸಿದರೆ ಸಾಕು ಅಂತಾರೆ.

ಉತ್ತರ: ಸಾಕಾಗಲ್ಲ. ಡ್ಯಾಂಪರ್ ರೋಗವನ್ನ ಮುಚ್ಚಿಡುತ್ತೆ ಅಷ್ಟೇ. ಕಾರಣ ಸಿಗುವವರೆಗೆ ಹೆದ್ದಾರಿಗೆ ಇಳಿಯಬೇಡಿ. ಗಾಡಿ ನೆಲದ ಮೇಲೆ ನಿಂತಿರಲಿ, ಇಂಜಿನ್ ಓಡ್ತಿರಲಿ, ನ್ಯೂಟ್ರಲ್‌ನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಚಕ್ರಗಳಿಗೆ ಅಡ್ಡ ಕೊಡಿ. ಒಬ್ಬರು ಸ್ಟೀರಿಂಗನ್ನ ಸ್ವಲ್ಪ ಸ್ವಲ್ಪ ಎಡಕ್ಕೆ ಬಲಕ್ಕೆ ಆಡಿಸ್ತಾ ಇರಲಿ, ನೀವು ಪಕ್ಕದಿಂದ ಟಾರ್ಚ್ ಬಿಟ್ಟು, ಆಕ್ಸಲ್ ಅಡ್ಡಕ್ಕೆ ಸರಿಯದ ಹಾಗೆ ಫ್ರೇಮಿಗೆ ಹಿಡಿದಿಡುವ ಟ್ರ್ಯಾಕ್ ಬಾರ್‌ನ ಎರಡೂ ತುದಿ ನೋಡಿ. ಬೋಲ್ಟ್ ತನ್ನ ತೂತಿನಲ್ಲಿ ಕೂದಲೆಳೆಯಷ್ಟು ಅಲ್ಲಾಡಿದರೂ ಅದೇ ಕಳ್ಳ. ಎಷ್ಟೋ ಸಲ ತೂತು ಮೊಟ್ಟೆಯಾಕಾರಕ್ಕೆ ಸವೆದಿರುತ್ತೆ, ಆಗ ಎಷ್ಟು ಬಿಗಿದರೂ ಪ್ರಯೋಜನ ಇಲ್ಲ, ಬ್ರಾಕೆಟ್ ಸರಿಮಾಡಿಸಲೇಬೇಕು. ಅದಾದ ಮೇಲೆ ಟೈ ರಾಡ್ ತುದಿಗಳು, ಬಾಲ್ ಜಾಯಿಂಟ್, ಟೈರ್ ಬ್ಯಾಲೆನ್ಸ್.

ಕ್ಯಾಸ್ಟರ್ ಕೂಡ ಅಳೆಸಿ, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ಎಷ್ಟು ವಾಲಿದೆ ಅನ್ನೋದು. ಲಿಫ್ಟ್ ಮಾಡಿದಾಗ ಆರ್ಮ್‌ಗಳು ಕೆಳಗೆ ಬಾಗಿ ಆಕ್ಸಲ್ ಮುಂದಕ್ಕೆ ಉರುಳಿರುತ್ತೆ, ಕ್ಯಾಸ್ಟರ್ ಕಡಿಮೆ ಆಗಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಲ್ಲ. ಟ್ರ್ಯಾಕ್ ಬಾರ್ ಮತ್ತು ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ರಾಡ್) ಎದುರಿನಿಂದ ನೋಡಿದಾಗ ಒಂದೇ ಓರೆಯಲ್ಲಿ ಇರಬೇಕು, ಒಂದನ್ನ ಇಳಿಸಿ ಇನ್ನೊಂದನ್ನ ಬಿಟ್ಟಿದ್ದರೆ ಪ್ರತಿ ಗುಂಡಿಗೂ ಸ್ಟೀರಿಂಗ್ ಎಳೆಯುತ್ತೆ. ಕೊನೆಗೆ ರಬ್ಬರ್ ಬುಷ್ ಇರುವ ಎಲ್ಲ ಬೋಲ್ಟನ್ನೂ ಗಾಡಿ ಚಕ್ರಗಳ ಮೇಲೆ ನಿಂತಾಗಲೇ ಬಿಗಿಸಿ. ಜಾಕ್ ಮೇಲಿದ್ದಾಗ ಬಿಗಿದರೆ ಇಳಿಸಿದ ಕ್ಷಣದಿಂದಲೇ ಬುಷ್ ತಿರುಚಿಕೊಂಡು ಕೂರುತ್ತೆ, ಬೇಗ ಹರಿಯುತ್ತೆ.